ಅತ್ತೆಯ ಭರಣಿಯ ಸೈಂಧವ

ಹೃದಯ ಸೋತ ಮನುಷ್ಯನ ತಟ್ಟೆಯ ಸುತ್ತ ಎಷ್ಟು ಮಂದಿ ಅಪರಾಧಿಗಳು ಕೂಡುತ್ತಾರೆ ಎಂಬುದನ್ನು ನಾನು ಸ್ವಂತ ಮನೆಯಲ್ಲೇ ಕಂಡಿದ್ದೇನೆ. ಅವರಲ್ಲಿ ಹೆಚ್ಚಿನವರು ನನ್ನನ್ನು ಎತ್ತಿ ಆಡಿಸಿದವರು. ಹಾಗೆಂದು ಅವರನ್ನು ಕ್ಷಮಿಸುವ ಉದ್ದೇಶ ನನಗಿಲ್ಲ. ಆ ಸಾಲಿನಲ್ಲಿ ನಾನೂ ಇದ್ದೇನೆ, ನನ್ನನ್ನೂ ಬಿಡುವುದಿಲ್ಲ.

ಐವತ್ತರ ದಶಕದ ನಡುಭಾಗ. ಆಂಟಾಪ್ ಹಿಲ್‌ನ ಬುಡದ ಚಾಳಿನಲ್ಲಿ ಎರಡು ಖೋಲಿಯ ಮನೆ ನಮ್ಮದು. ಅಪ್ಪಯ್ಯ, ಅಮ್ಮ, ಅಪ್ಪಯ್ಯನ ಅಕ್ಕ ಮತ್ತು ನಾನು. ಅಪ್ಪಯ್ಯ ದಾದರ್ ಸ್ಟೇಷನ್ ಸಮೀಪದ ಒಂದು ಉಡುಪಿ ಹೊಟೇಲಿನಲ್ಲಿ ಮುಖ್ಯ ಅಡಿಗೆಯವರು. ದೇವರಿಗೆ ತೋರಿಸುವ ಮುನ್ನ ಅಡಿಗೆಯನ್ನು ಬಾಯಿಗಿಡಬಾರದೆಂಬ ಶಿಸ್ತಿನಲ್ಲಿ ಕೆಲಸ ಕಲಿತವರಾದ್ದರಿಂದ, ಹಂಡೆಯಲ್ಲಿ ಕುದಿಯುವ ಸಾಂಬಾರಿನ ಉಪ್ಪನ್ನು ಅವರು ಮೂಗಿನಿಂದಲೇ ಅಳೆಯುತ್ತಿದ್ದರು. ಆವಿಗೆ ಮುಖವೊಡ್ಡಿ ‘ಇನ್ನೊಂದು ಹಿಡಿ’ ಎಂದರೆ ಅದು ಇನ್ನೊಂದು ಹಿಡಿಯೇ. ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ.

ಅತ್ತೆ ಹನ್ನೊಂದನೆಯ ವಯಸ್ಸಿಗೆ ವಿಧವೆಯಾದವರು. ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ, ಅವರ ಉಳಿದ ಆಯುಷ್ಯವನ್ನೆಲ್ಲ ವ್ರತವಾಗಿ ಮಾಡಿಟ್ಟಿದ್ದರು. ಮಡಿಯಲ್ಲಿ ಅಡಿಗೆ ಮಾಡುವ ಅಧಿಕಾರವೊಂದನ್ನು ಮಾತ್ರ ಅವರ ಕೈಯಲ್ಲಿ ಉಳಿಸಿದ್ದರು. ನಾನು ಮುನ್ಸಿಪಾಲಿಟಿಯ ಕನ್ನಡ ಶಾಲೆಯ ಟೀಚರು; ಎಲ್ಲ ಜಾತಿಯ ಮಕ್ಕಳೂ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದ ರಾಷ್ಟ್ರೀಯ ಶಾಲೆಯಲ್ಲಿ ಓದಿದವಳು. ಮಡಿ, ಮೈಲಿಗೆ, ಎಂಜಲು ಎಂಬ ಮೂರು ಮಾತುಗಳನ್ನು ಆ ಶಾಲೆಯ ಬಾಗಿಲಲ್ಲೇ ಬಿಟ್ಟುಬಂದಿದ್ದೇನೆ ಎಂದು ನಂಬಿದ್ದವಳು.

ಮೊದಲ ಅಪರಾಧ ಹೊಟೇಲಿನ ಧಣಿಯದು. ಅಪ್ಪಯ್ಯನಿಗೆ ಚಾಳಿನ ಮೆಟ್ಟಿಲು ಹತ್ತುವಾಗ ಉಸಿರು ಸಿಗುತ್ತಿರಲಿಲ್ಲ. ಪಾದ ಊದಿ ಚಪ್ಪಲಿಯ ಪಟ್ಟಿ ಮಾಂಸದೊಳಗೆ ಹೂತುಹೋಗುತ್ತಿತ್ತು. ಮಲಗಿದರೆ ಏದುಸಿರು ಬರುತ್ತಿದ್ದುದರಿಂದ ಹಾಸಿಗೆ ಸುರುಳಿಗೆ ಒರಗಿ ಕೂತೇ ಕಣ್ಣು ಮುಚ್ಚುತ್ತಿದ್ದರು. ಇದನ್ನೆಲ್ಲ ಕಂಡ ಧಣಿ ಹೇಳಿದ್ದು ಇಷ್ಟು: “ಭಟ್ರೇ, ಇದು ಬರೀ ವಾಯು ಮಾರಾಯ್ರೆ. ಒಲೆ ಹತ್ತಿರ ನಿಂತು ನಾಲ್ಕು ದಿನ ಬೆವರಿದ್ರೆ ಇಳೀತದೆ.” ಅವರು ಬೆವರಿದರು. ನಾಲ್ಕು ದಿನವಲ್ಲ, ನಾಲ್ಕು ವಾರ. ಬೆವರಿಗೆ ಬದಲಾಗಿ ಧಣಿ ದಯಪಾಲಿಸುತ್ತಿದ್ದದ್ದು ಉಪ್ಪು ಕದಡಿದ ಮಜ್ಜಿಗೆ. ಕೊನೆಗೊಂದು ದಿನ ಅವರು ಹಿಟ್ಟಿನ ಮೂಟೆಯ ಮೇಲೆ ಕುಸಿದಾಗ, ಡಾಕ್ಟರನ್ನು ಮನೆಗೆ ಕರೆತರುವ ಪುಣ್ಯವನ್ನೂ ಆ ಮನುಷ್ಯನೇ ಕಟ್ಟಿಕೊಂಡ.

ಎರಡನೆಯದು ಡಾಕ್ಟರದು. ನಾನು ಶಾಲೆಯಲ್ಲಿದ್ದೆ. ಅಡಿಗೆ ಮಾಡುವ ಇಬ್ಬರು ಹೆಂಗಸರು ಬಾಗಿಲ ಹಿಂದೆ ನಿಂತಿದ್ದರು. ಅವರನ್ನು ಕರೆದು ಒಂದು ಮಾತಾಡಬೇಕೆಂದು ಡಾಕ್ಟರಿಗೆ ಹೊಳೆಯಲಿಲ್ಲ. “ನಮಕ್ ಏಕ್‌ದಮ್ ಬಂದ್”, ಉಪ್ಪು ಪೂರ್ತಿ ನಿಲ್ಲಿಸಿ, ಎಂದು ಧಣಿಗೆ ಹೇಳಿ, ಇಂಗ್ಲಿಷಿನಲ್ಲಿ ಅಚ್ಚಾದ ಒಂದು ಹಾಳೆಯನ್ನು ಮೇಜಿನ ಮೇಲಿಟ್ಟು ಹೋದರು. ಬೇಯಿಸಿದ ಮೀನು, ಮೊಟ್ಟೆ, ಬೆಣ್ಣೆ ಹಚ್ಚದ ಟೋಸ್ಟು: ಈ ಊರಿನಲ್ಲಿ ಅನ್ನ ಸಾರು ಉಣ್ಣುವವರಿಗೂ ಹೃದಯವಿದೆ ಎಂಬುದು ಆ ಹಾಳೆ ಬರೆದವರಿಗೆ ಗೊತ್ತೇ ಇರಲಿಲ್ಲ.

ಸಂಜೆ ನಾನು ಅದನ್ನು ಕನ್ನಡಕ್ಕೆ ತಿರುಗಿಸಿ, ನಮ್ಮ ಅಡಿಗೆಗೆ ಹೊಂದಿಸಿ, ದಪ್ಪ ಅಕ್ಷರದಲ್ಲಿ ಬರೆದು ಒಲೆಯ ಮೇಲಿನ ಗೋಡೆಗೆ ಅಂಟಿಸಿದೆ. ಉಪ್ಪು ಬೇಡ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸು ಬೇಡ. ನೀರು ಅಳೆದು ಕೊಡುವುದು. ನನ್ನ ಅಕ್ಷರ ಚೆನ್ನಾಗಿತ್ತು. ಅತ್ತೆಗೆ ಓದಲು ಬರುತ್ತಿರಲಿಲ್ಲ. ಊರ ಮಕ್ಕಳಿಗೆಲ್ಲ ಅಕ್ಷರ ಕಲಿಸುತ್ತಿದ್ದ ನಾನು, ಒಂದೇ ಸೂರಿನಡಿ ಇದ್ದ ಅವರಿಗೆ ಒಂದು ‘ಅ’ವನ್ನೂ ಕಲಿಸಿರಲಿಲ್ಲ.

ಅಮ್ಮ ಹಾಳೆಯನ್ನು ಓದಿದರು. ಓದಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

“ಉಪ್ಪಿಲ್ಲದ್ದು ಸೂತಕದವರ ಊಟ ಮಗಾ. ಇವರು ಎದುರಿಗೆ ಕೂತಿರುವಾಗ ಇವರ ತಟ್ಟೆಗೇ ಅದನ್ನು ಬಡಿಸುದಾ? ನನ್ನ ಕೈಯಲ್ಲಿ ಆಗುದಿಲ್ಲ.”

“ಬಡಿಸದಿದ್ರೆ ನಿಜವಾಗಿ ಸೂತಕ ಬರ್ತದೆ” ಎಂದೆ.

ಹೀಗೆ ಹೇಳಿದ್ದಕ್ಕೆ ನನಗೆ ಇಂದಿಗೂ ಪಶ್ಚಾತ್ತಾಪವಿಲ್ಲ. ಅಮ್ಮ ಎರಡು ದಿನ ನನ್ನೊಡನೆ ಮಾತು ಬಿಟ್ಟರು. ಆ ಎರಡು ದಿನ ಅಪ್ಪಯ್ಯ ಸಪ್ಪೆ ಗಂಜಿಯನ್ನು ಎರಡು ತುತ್ತಿಗೇ ದೂರ ಸರಿಸಿದರು.

ಇದೇ ಹೊತ್ತಿಗೆ ಚೆಂಬೂರಿನಿಂದ ಚಿಕ್ಕಪ್ಪ ರೋಗಿಯನ್ನು ನೋಡಲು ಬಂದರು. ಕೈಯಲ್ಲಿ ಉದ್ದಿನ ಹಪ್ಪಳದ ಕಟ್ಟು. ಕಾಯಿಲೆಯವರ ಮನೆಗೆ ಬರಿಗೈಯಲ್ಲಿ ಬರಬಾರದಂತೆ. ಏನನ್ನು ತರುತ್ತಿದ್ದೇವೆಂದು ಯೋಚಿಸಿದರೆ ಮಾತ್ರ ಮರ್ಯಾದೆಗೆ ಕುಂದು.

“ಉಪ್ಪಿಲ್ಲದೆ ಮನುಷ್ಯ ಬದುಕ್ತಾನಾ?” ಅಪ್ಪಯ್ಯನ ಕಣ್ಣೆದುರೇ ನಕ್ಕರು. “ಅಣ್ಣ, ನಿನ್ನ ಟೀಚರಮ್ಮ ನಿನ್ನನ್ನು ಶಾಲೆಗೆ ಸೇರಿಸಿದ್ದಾಳೆ. ಒಂದು ಹಪ್ಪಳ ಸುಟ್ಟು ಕೊಟ್ರೆ ಬೆಂಚಿನ ಮೇಲೆ ನಿಲ್ಲಿಸ್ತಾಳೆ!”

ಅಪ್ಪಯ್ಯನೂ ನಕ್ಕರು. ನಗು ಕೆಮ್ಮಾಯಿತು, ಕೆಮ್ಮು ಉಬ್ಬಸವಾಯಿತು. ನಾನು ಹಪ್ಪಳದ ಕಟ್ಟನ್ನು ಶೆಲ್ಫಿನ ಮೇಲ್ತುದಿಗೆ ಎಸೆದೆ. ಚಿಕ್ಕಪ್ಪ ಕಾಫಿ ಕುಡಿಯದೆ ಎದ್ದುಹೋದರು.

ಮೂರನೆಯ ದಿನ ಮನೆ ಇದ್ದಕ್ಕಿದ್ದಂತೆ ಶಾಂತವಾಯಿತು. ಅಪ್ಪಯ್ಯ ಊಟ ಮಾಡತೊಡಗಿದರು. ಅನ್ನ, ಸಾರು, ತಂಬುಳಿ, ಪಲ್ಯ ಎಲ್ಲವನ್ನೂ. ನಾನು ಬೆಳಿಗ್ಗೆಯೇ ಡಬ್ಬಿ ಕಟ್ಟಿಕೊಂಡು ಹೋಗುವವಳು. ಅವರ ಅಡಿಗೆ ಆಮೇಲೆ ಅತ್ತೆಯ ಮಡಿಯಲ್ಲಿ ಬೇರೆಯಾಗಿ ಆಗುತ್ತಿತ್ತು. ಪ್ರತಿ ಸಂಜೆ ಕೇಳುತ್ತಿದ್ದೆ: “ಉಪ್ಪು ಹಾಕಿದಿರಾ?” ಅತ್ತೆ ನನ್ನ ಕಣ್ಣಿಗೆ ಕಣ್ಣಿಟ್ಟು “ಒಂದು ಹರಳೂ ಇಲ್ಲ” ಎನ್ನುತ್ತಿದ್ದರು. ನಾನು ಗೆದ್ದೆನೆಂದುಕೊಂಡೆ. ನಮ್ಮ ಬಡಾವಣೆಯ ಮಹಿಳಾ ಮಂಡಲದಲ್ಲಿ ಎದ್ದು ನಿಂತು, ಮನಸ್ಸು ಮಾಡಿದರೆ ಒಂದು ಮನೆಯ ನಾಲಿಗೆಯನ್ನು ಮೂರೇ ದಿನದಲ್ಲಿ ತಿದ್ದಬಹುದೆಂದು ಭಾಷಣವನ್ನೂ ಮಾಡಿದೆ. ಚಪ್ಪಾಳೆ ಬಿತ್ತು.

ಊತ ಮಾತ್ರ ಇಳಿಯಲಿಲ್ಲ. ಡಾಕ್ಟರು ಇಂಜೆಕ್ಷನ್ ಕೊಟ್ಟ ದಿನ ಮೈಯ ನೀರು ಹೋಗುತ್ತಿತ್ತು. ಮೂರು ದಿನ ಕಳೆದರೆ ಮತ್ತೆ ತುಂಬುತ್ತಿತ್ತು. ಮೊಳಕಾಲ ಕೆಳಗೆ ಹೆಬ್ಬೆರಳೊತ್ತಿದರೆ ಕುಳಿ ಬಿದ್ದು, ನಾನು ಕೈತೊಳೆದು ಬರುವವರೆಗೂ ಹಾಗೆಯೇ ಇರುತ್ತಿತ್ತು. ಎರಡನೆಯ ತಿಂಗಳಲ್ಲಿ ಆ ಕುಳಿ ತೊಡೆಯನ್ನು ಮುಟ್ಟಿತು. ಒಂದು ಶನಿವಾರ ಡಾಕ್ಟರು ಬಂದಾಗ ನಾನು ಮನೆಯಲ್ಲಿದ್ದೆ. ಅವರು ನನ್ನತ್ತ ತಿರುಗಿ ಗದರಿದರು: “ಘರ್ ಮೇ ಕೋಯೀ ನಮಕ್ ದೇತಾ ಹೈ. ಐಸಾ ಚಲೇಗಾ ತೋ ಮೈ ನಹೀ ಆವೂಂಗಾ.” ಮನೆಯಲ್ಲಿ ಯಾರೋ ಉಪ್ಪು ಕೊಡುತ್ತಿದ್ದಾರೆ, ಹೀಗೇ ನಡೆದರೆ ತಾನು ಬರುವುದಿಲ್ಲ.

ಅವರು ಹೋದ ಮೇಲೆ ನಾನು ಮಾಡಿದ್ದನ್ನು ಬರೆಯಲೇಬೇಕು. ಅಮ್ಮನ ಟ್ರಂಕು ತೆರೆಸಿದೆ. ಸೀರೆಗಳ ನಡುವೆ ಕೈಹಾಕಿ ಹುಡುಕಿದೆ. ಕುಂಕುಮದ ಡಬ್ಬಿಯನ್ನೂ ಬಿಡಲಿಲ್ಲ. ಕಳ್ಳರ ಮನೆಗೆ ಬಂದ ಪೊಲೀಸನಿಗೂ ಅಷ್ಟು ಧೈರ್ಯವಿರುತ್ತದೋ ಇಲ್ಲವೋ. ಅಮ್ಮ ದೇವರ ದೀಪದ ಮೇಲೆ ಕೈಯಿಟ್ಟು, “ನನ್ನ ತಾಳಿಯಾಣೆ, ಉಪ್ಪು ಹಾಕ್ಲಿಲ್ಲ. ಇನ್ನೆಂತ ಬೇಕು ನಿಂಗೆ?” ಎಂದು ಅತ್ತರು. ನಾನು ನಂಬಲಿಲ್ಲ. ಅಮ್ಮ ನಿಜವನ್ನೇ ಹೇಳಿದ್ದರು.

ಮರುದಿನ ಭಾನುವಾರ, ಮಧ್ಯಾಹ್ನ. ಅಪ್ಪಯ್ಯ ಗೋಡೆಗೊರಗಿ ಉಣ್ಣುತ್ತಿದ್ದರು. ನಾನು ಎದುರಿಗೆ ಕೂತು ಅವರ ತಟ್ಟೆಯನ್ನೇ ನೋಡುತ್ತಿದ್ದೆ. ಎರಡು ತಿಂಗಳಲ್ಲಿ ಒಮ್ಮೆಯೂ ಆ ಸಾರನ್ನು ರುಚಿ ನೋಡಿರಲಿಲ್ಲ ಎಂಬುದು ಆಗ ಹೊಳೆಯಿತು. ಒಲೆಯ ಮೇಲಿದ್ದಾಗ ಅದು ಅತ್ತೆಯ ಮಡಿ, ಮುಟ್ಟುವ ಹಾಗಿರಲಿಲ್ಲ. ತಟ್ಟೆಗೆ ಬಂದ ಮೇಲೆ ಅಪ್ಪಯ್ಯನ ಎಂಜಲು, ಬಾಯಿಗಿಡುವ ಹಾಗಿರಲಿಲ್ಲ. ಹಾಗಿರಲಿಲ್ಲ ಎಂದು ನನಗೆ ಯಾರೂ ಹೇಳಿರಲಿಲ್ಲ. ಭಾಷಣದಲ್ಲಿ ನಾನು ಬಿಟ್ಟುಕೊಟ್ಟಿದ್ದನ್ನು ನನ್ನ ಕೈ ಬಿಟ್ಟಿರಲಿಲ್ಲ, ಅಷ್ಟೇ.

ಬೆರಳನ್ನು ಅವರ ಅನ್ನದ ಅಂಚಿನ ಸಾರಿಗೆ ಅದ್ದಿ ನಾಲಿಗೆಗಿಟ್ಟೆ.

“ಎಂಜಲು!” ಎಂದು ಅತ್ತೆ ಕಿರುಚಿದರು.

ಸಾರಿನಲ್ಲಿ ಉಪ್ಪಿತ್ತು. ಹದವಾಗಿ, ಒಂದಿಷ್ಟೂ ಕಡಿಮೆಯಿಲ್ಲದೆ ಇತ್ತು.

“ಇದೆಂತ ಅತ್ತೆ?”

“ಎಂತ ಅಂದ್ರೆ? ಸೈಂಧವ.”

ಅವರು ದೇವರ ಮೂಲೆಯಿಂದ ತಮ್ಮ ಭರಣಿಯನ್ನು ತಂದು ನನ್ನೆದುರು ಕುಕ್ಕಿದರು. ಒಳಗೆ ಬೆಟ್ಟದಿಂದ ಅಗೆದು ತೆಗೆದ, ನಸುಗೆಂಪು ಹರಳುಗಳು. ಉಪ್ಪು ವರ್ಜ್ಯವಾದ ವ್ರತದ ದಿನಗಳಲ್ಲಿ ಶಾಸ್ತ್ರ ಒಪ್ಪುವುದು ಇದನ್ನೇ. ಆ ಲೆಕ್ಕದಲ್ಲಿ ಕಡಲಿನದು ಉಪ್ಪು, ಇದು ಅಲ್ಲ. ಅಮ್ಮನ ಸೂತಕದ ಭಯವನ್ನೂ ನನ್ನ ಗೋಡೆಯ ಹಾಳೆಯನ್ನೂ ಅತ್ತೆ ಈ ಒಂದೇ ಭರಣಿಯಿಂದ ಸಮಾಧಾನ ಮಾಡಿದ್ದರು.

“ಇದೂ ಉಪ್ಪೇ ಅತ್ತೆ. ಹೊಟ್ಟೆಗೆ ಹೋದ ಮೇಲೆ ಎರಡೂ ಒಂದೇ.”

“ಒಂದೇಯಾ?” ಅವರು ಭರಣಿಯನ್ನು ತಿರುಗಿ ಎತ್ತಿಕೊಂಡರು. “ಹಾಗಾದ್ರೆ ನಲವತ್ತು ವರ್ಷ ನಾನು ವ್ರತ ಅಂತ ಉಂಡದ್ದೆಲ್ಲ ಸುಳ್ಳಾ? ಹೇಳು. ಓದಿದವಳಲ್ವಾ, ಹೇಳು.”

ನಾನು ಹೇಳಿದೆ. ಸುಳ್ಳೇ ಎಂದೆ. ಹನ್ನೊಂದು ವರ್ಷದ ಹುಡುಗಿಗೆ ಆ ವ್ರತವನ್ನು ಹೊರಿಸಿದವರೆಲ್ಲ ಸುಳ್ಳರು ಎಂದೆ. ಅದು ಸತ್ಯ. ಆದರೆ ಆ ಸತ್ಯವನ್ನು ಅವರ ಮುಖಕ್ಕೆ ಎಸೆಯಲು ಅಂದು ನನಗಿದ್ದ ಆತುರದಲ್ಲಿ ಕ್ರೌರ್ಯವೂ ಇತ್ತು. ಅವರು ಭರಣಿಯನ್ನು ಎದೆಗವಚಿಕೊಂಡು ನಿಂತೇ ಇದ್ದರು.

ಆಗ ಅಪ್ಪಯ್ಯ ತಲೆಯೆತ್ತದೆ ಹೇಳಿದರು: “ಅಕ್ಕನಿಗೆ ಬೈಬೇಡ ಮಗಾ. ನಂಗೆ ಮೊದಲ ದಿನವೇ ಗೊತ್ತಾಗಿತ್ತು.”

ಗೊತ್ತಾಗದಿರಲು ಸಾಧ್ಯವೇ? ಹಂಡೆಯ ಆವಿಯಲ್ಲಿ ಉಪ್ಪಳೆದ ಮೂಗು ಅದು.

“ಗೊತ್ತಿದ್ದೂ ಉಂಡಿರಾ?”

“ಸಪ್ಪೆ ಉಂಡು ಎಷ್ಟು ದಿನ ಇರ್ಬೇಕು? ಬಾಯಿಗೆ ರುಚಿ ಉಂಟು, ಅಕ್ಕನಿಗೂ ಸಮಾಧಾನ, ನಿಂಗೂ ಸಮಾಧಾನ. ಯಾಕೆ ಕೆಡಿಸುದು ಅಂತ ಕಂಡಿತು.”

ಅವರ ಮೇಲೆ ಬಂದಷ್ಟು ಸಿಟ್ಟು ನನಗೆ ಧಣಿಯ ಮೇಲೂ ಬಂದಿರಲಿಲ್ಲ. ಆ ಪ್ರಾಣ ಅವರೊಬ್ಬರ ಸ್ವತ್ತೆಂಬಂತೆ ಅವರು ಅದನ್ನು ನಮ್ಮೆಲ್ಲರ ಸಮಾಧಾನಕ್ಕೆ ಹಂಚುತ್ತಿದ್ದರು. “ರುಚಿ ಬೇಕಾದ್ರೆ ನೀವೇ ಮಾಡಿ” ಎಂದೆ. “ಇಡೀ ದಾದರ್‌ಗೆ ಬಡಿಸಿದವರು ನೀವು. ಉಪ್ಪಿಲ್ಲದೆ ಒಂದು ಸಾರು ಮಾಡ್ಲಿಕ್ಕೆ ನಿಮ್ಮಿಂದ ಆಗುದಿಲ್ವಾ? ಅಷ್ಟೇಯಾ ನಿಮ್ಮ ಕೈಗುಣ?”

ಅವರನ್ನು ನೋಯಿಸಲೆಂದೇ ಆಡಿದ ಮಾತು. ನೋಯಿತು. ಅವರು ಮುಂದೆ ತುತ್ತೆತ್ತಲಿಲ್ಲ.

ಮರುದಿನದಿಂದ ಅಡಿಗೆಮನೆಯ ಹೊಸ್ತಿಲ ಬಳಿ ಅವರಿಗೊಂದು ಸ್ಟೂಲು ಬಿತ್ತು. ಅಲ್ಲಿ ಕೂತು, ಎರಡು ಮಾತಿಗೊಮ್ಮೆ ಉಸಿರು ಹಿಡಿದುಕೊಳ್ಳುತ್ತ, ಅಕ್ಕನಿಗೆ ಪಾಠ ಹೇಳತೊಡಗಿದರು. ಪುನರ್ಪುಳಿಯ ಒಣ ಸಿಪ್ಪೆಯನ್ನು ಬೆಚ್ಚಗಿನ ನೀರಲ್ಲಿ ನೆನೆಸಿ ಕೊನೆಗೆ ಹಾಕುವುದು. ಒಳ್ಳೆಮೆಣಸಿನ ಕಾಳು, ಜೀರಿಗೆ ಹುರಿದು ಆಗಲೇ ಕುಟ್ಟುವುದು. ಲಿಂಬೆರಸ ಒಲೆಯಿಂದ ಇಳಿಸಿದ ಮೇಲೆ. ಒಗ್ಗರಣೆಗೆ ಕರಿಬೇವು ಎರಡು ಪಾಲು. ಹುಳಿ, ಖಾರ, ಪರಿಮಳ ಮೂರೂ ಒಟ್ಟಿಗೆ ಬಂದರೆ ನಾಲಿಗೆ ಉಪ್ಪನ್ನು ಹುಡುಕುವುದಿಲ್ಲವಂತೆ. ಮೊದಲ ನಾಲ್ಕು ದಿನ ಹುಡುಕಿತು. ಅವರು ಮುಖ ಕಿವುಚಿ ಹಳಿದು, ಮತ್ತೆ ತಿದ್ದಿಸಿದರು. ಅತ್ತೆ ಸೈಂಧವದ ಭರಣಿಗೆ ಬಟ್ಟೆ ಕಟ್ಟಿ ಅಟ್ಟಕ್ಕೇರಿಸಿದರು. ನನ್ನೊಡನೆ ಮಾತ್ರ ಮಾತಾಡಲಿಲ್ಲ. ವಾರದೊಳಗೆ ತೊಡೆಯ ಊತ ಇಳಿಯಿತು. ತಿಂಗಳಲ್ಲಿ ಅಪ್ಪಯ್ಯ ಒರಗದೆ ಕೂರುವಂತಾದರು.

ಆದರೆ ಆ ಎರಡು ತಿಂಗಳ ಸೈಂಧವ, ಅದಕ್ಕೂ ಮೊದಲಿನ ಧಣಿಯ ಮಜ್ಜಿಗೆ ತಮ್ಮ ಕೆಲಸ ಮುಗಿಸಿದ್ದವು. ಹಾಗೆಂದು ಡಾಕ್ಟರೇ ಹೇಳಿದರು, ಈ ಸಲ ಹೆಂಗಸರ ಎದುರಿಗೇ. ಸ್ಟೂಲಿನ ಮೇಲೆ ಕೂತು ಎರಡು ತಿಂಗಳು ಅಡಿಗೆ ಹೇಳಿಕೊಟ್ಟ ಅಪ್ಪಯ್ಯ, ಒಂದು ಬೆಳಿಗ್ಗೆ ಕರಿಬೇವು ಬಿಡಿಸುತ್ತಲೇ ಪಕ್ಕಕ್ಕೆ ವಾಲಿದರು.

ಆಮೇಲೆ ಹತ್ತು ದಿನ ಸೂತಕ. ನಮ್ಮ ಮನೆತನದ ಕ್ರಮದಂತೆ ಹತ್ತು ದಿನವೂ ಉಪ್ಪಿಲ್ಲದ ಊಟ. ಅಟ್ಟದ ಭರಣಿಯನ್ನು ಯಾರೂ ಇಳಿಸಲಿಲ್ಲ. ನಾಲಿಗೆಗೆ ಆಗುವುದಿಲ್ಲವೆಂದು ಯಾರೂ ಗೊಣಗಲಿಲ್ಲ. ಉಪ್ಪಿಲ್ಲದೆ ಮನುಷ್ಯ ಬದುಕುತ್ತಾನಾ ಎಂದು ಯಾರೂ ಕೇಳಲಿಲ್ಲ. ಬದುಕಿದ್ದವನ ಉಸಿರಿಗಾಗಿ ಬಿಡಲಾಗದ ಒಂದು ಹಿಡಿ ಉಪ್ಪನ್ನು, ಅವನು ಸತ್ತ ದಿನವೇ ಇಡೀ ಕುಟುಂಬ ಒಂದು ಮಾತಿಲ್ಲದೆ ಬಿಟ್ಟಿತು. ಇದಕ್ಕೆ ಸಂಪ್ರದಾಯ ಎಂದು ಹೆಸರು.

ಏಳನೆಯ ದಿನ ಚೆಂಬೂರಿನ ಚಿಕ್ಕಪ್ಪ ಪಂಕ್ತಿಯಲ್ಲಿ ಕೂತು ಎರಡನೆಯ ಸಲ ಸಾರು ಹಾಕಿಸಿಕೊಂಡರು. ಪುನರ್ಪುಳಿ ಸಾರು, ಒಳ್ಳೆಮೆಣಸು ಆಗಲೇ ಕುಟ್ಟಿದ್ದು.

“ಲಾಯಕ್ಕಾಗಿದೆ ಅಕ್ಕ. ಉಪ್ಪಿಲ್ಲ ಅಂತಲೇ ಗೊತ್ತಾಗುದಿಲ್ಲ.”

ಅತ್ತೆ ಸೌಟು ಹಿಡಿದು ನಿಂತಲ್ಲೇ ನಿಂತರು. “ಅವ ಹೇಳಿಕೊಟ್ಟದ್ದು” ಎಂದಷ್ಟೇ ಹೇಳಿದರು.

ನಾನು ಎದ್ದು, ಶೆಲ್ಫಿನ ಮೇಲ್ತುದಿಯಿಂದ ಆ ಹಪ್ಪಳದ ಕಟ್ಟನ್ನು ಇಳಿಸಿದೆ. ದೂಳು ಒರೆಸಲಿಲ್ಲ. ಅವರ ಎಲೆಯ ಪಕ್ಕದಲ್ಲಿಟ್ಟು ಹೇಳಿದೆ: “ನೀವು ತಂದದ್ದು ಹಾಗೇ ಉಂಟು ಚಿಕ್ಕಪ್ಪ. ಹೋಗುವಾಗ ಮರೀಬೇಡಿ.”

ಅಂದಿನವರೆಗೆ ನನ್ನತ್ತ ಕಣ್ಣೆತ್ತದಿದ್ದ ಅತ್ತೆ ನನ್ನ ಎಲೆಯೆದುರು ಬಂದು, ಕೇಳದೆಯೇ ಒಂದು ಸೌಟು ಸಾರು ಹಾಕಿದರು. ನಾನು ಕೂತು ಉಂಡೆ.