ಹೊಟ್ಟೆಯಿಲ್ಲದ ಭೂತ

ಭೂತಕ್ಕೆ ಹೊಟ್ಟೆ ಇರಕೂಡದು ಎಂದು ಹರಿಹರದ ಒಂದು ಶಾಲೆಯ ಕಮಿಟಿ ಮೊನ್ನೆ ತೀರ್ಮಾನ ಮಾಡಿತು. ತಪ್ಪು ಕಮಿಟಿಯದಲ್ಲ. ನನ್ನದು.

ನನ್ನ ತಂಗಿ ಗಿರಿಜ ಆ ಶಾಲೆಯಲ್ಲಿ ಟೀಚರ್ (ಇನ್ನೂ ಟೆಂಪರರಿ). ನಾನು ಓದಿದ್ದು ನಾಲ್ಕನೇ ಕ್ಲಾಸು. ಅವಳೂ ನನ್ನ ಹಾಗಾಗಬಾರದೆಂದು ಮನೆಯವರೆಲ್ಲ ಸೇರಿ ಅವಳನ್ನು ಓದಿಸಿದರು. ಸ್ಕೂಲ್ ಡೇಗೆಂದು ಅವಳು ತಾನೇ ಕಥೆ ಕಟ್ಟಿ, ಮಕ್ಕಳಿಗೆ ನಾಟಕ ಕಲಿಸಿದಳು. ಡೊಳ್ಳುಹೊಟ್ಟೆಯ ಭೂತವೊಂದು ನಾಲೆಯ ತೂಬಿನ ಮೇಲೆ ಕೂತು ಊರಿಗೆ ಬರುವ ನೀರನ್ನೆಲ್ಲ ಕುಡಿಯುತ್ತದೆ. ಮಕ್ಕಳು ಅದರ ಹೊಟ್ಟೆಗೆ ಕಚಗುಳಿ ಇಡುತ್ತಾರೆ. ಭೂತ ನಗುತ್ತದೆ, ನೀರೆಲ್ಲ ಹೊರಗೆ ಬರುತ್ತದೆ. ಅಷ್ಟೇ.

ಅಷ್ಟೇ ಎಂದು ಸುಮ್ಮನಿರಲು ನನ್ನಿಂದಾಯಿತೇ? ಅಂಕಣ ತುಂಬಬೇಕಲ್ಲ! ಇದೇ ಜಾಗದಲ್ಲಿ ಬರೆದೆ: ಇದು ಮಕ್ಕಳ ಕಥೆಯಲ್ಲ, ರಾಜಕೀಯ. ಭೂತವೆಂದರೆ ನಾಲೆಯ ಮೇಲ್ಗಡೆ ಜಮೀನಿಟ್ಟುಕೊಂಡು ಕೆಳಗಿನವರಿಗೆ ನೀರು ಬಿಡದ ದೊಡ್ಡ ಮನುಷ್ಯರು. ಕಚಗುಳಿ ಎಂದರೆ ವೋಟು.

ನಮ್ಮ ದಾವಣಗೆರೆಯ ಮಂಡಕ್ಕಿ ಅಂಗಡಿಯಲ್ಲಿ ಅದನ್ನು ನಾನೇ ಗಟ್ಟಿಯಾಗಿ ಓದಿದೆ. ಮಂಡಕ್ಕಿ ಹುರಿಯುವ ಭಟ್ಟಿಯ ಹುಸೇನ್ ಸಾಬರು, ಭೂತ ತಮ್ಮ ವಾರ್ಡಿನ ಮೆಂಬರೇ ಎಂದರು. ನಿಟ್ಟುವಳ್ಳಿಯವರೊಬ್ಬರು ತಮ್ಮ ಬೀಗರ ಹೆಸರು ಹೇಳಿದರು. ನಾನು ಹಿಗ್ಗಿಹೋದೆ.

ನನಗೆ ಗೊತ್ತಿರದ ಸಂಗತಿ ಒಂದಿತ್ತು. ಶಾಲಾ ಕಮಿಟಿ ಅಧ್ಯಕ್ಷರ ಗದ್ದೆ ಇರುವುದು ಮಲೆಬೆನ್ನೂರಿನ ಕಡೆ, ನಾಲೆಯ ಮೇಲ್ಗಡೆ. (ಹೊಟ್ಟೆಯೂ ಇದೆ.)

ಗಿರಿಜ ಬಸ್ಸು ಹತ್ತಿ ದಾವಣಗೆರೆಗೆ ಬಂದಳು. ಚಪ್ಪಲಿಯನ್ನೂ ಬಿಡಲಿಲ್ಲ.

"ಅಣ್ಣಾ, ಅದು ಬರೇ ಭೂತ. ಮಕ್ಳು ನಗ್ಲಿ ಅಂತ ಬರ್ದಿದ್ದು. ನೀ ಯಾಕ ಅದಕ್ಕೆ ಜಮೀನು ಕೊಡ್ಸಿದೆ?"

ಅಧ್ಯಕ್ಷರೂ ನನ್ನ ಅಂಕಣ ಓದಿದ್ದರಂತೆ. ನಾಟಕವನ್ನೇ ನಿಲ್ಲಿಸಿದರೆ ಭೂತ ತಾವೇ ಎಂದು ಒಪ್ಪಿಕೊಂಡಂತಾಗುತ್ತದೆ. ಅದಕ್ಕೇ ಅಧ್ಯಕ್ಷರು ತಿದ್ದುಪಡಿ ತಂದಿದ್ದರು. ಭೂತ ಸಣಕಲಾಗಿರಬೇಕು. ತೂಬಿನ ಹತ್ತಿರ ಸುಳಿಯಬಾರದು. ನೀರು ಮುಟ್ಟಬಾರದು, ಬೇಕಾದರೆ ಟೀ ಕುಡಿಯಲಿ. ಒಪ್ಪದಿದ್ದರೆ ಟೀಚರಿಗೆ ಮುಂದಿನ ವರ್ಷ ಕೆಲಸವಿಲ್ಲ. ಗಿರಿಜ ಒಪ್ಪಿದ್ದಳು. ನೀನೂ ಬಾ, ಬಾಯಿ ಮಾತ್ರ ತೆಗೀಬ್ಯಾಡ ಎಂದು ಹೇಳಿ ಹೋದಳು.

ಹೋದೆ. ಮುಂದಿನ ಸಾಲಿನಲ್ಲಿ ಅಧ್ಯಕ್ಷರು, ಪಕ್ಕದಲ್ಲಿ ಹೆಡ್‌ಮಾಸ್ಟರು. ಇಬ್ಬರದೂ ಒಂದೇ ಸೈಜು. ವೇದಿಕೆಯ ಮೂಲೆಯಲ್ಲಿ ಕಡ್ಡಿಯಂಥ ಭೂತ ತನ್ನ ಪಾಡಿಗೆ ಟೀ ಕುಡಿಯುತ್ತಿತ್ತು. ಪಾಪ, ಯಾರ ತಂಟೆಗೂ ಹೋಗಲಿಲ್ಲ. ಮಕ್ಕಳು ಬಂದು ಸುಮ್ಮಸುಮ್ಮನೆ ಕಚಗುಳಿ ಇಟ್ಟರು. ಭೂತ ನಕ್ಕಿತು. ಏನೂ ಹೊರಬರಲಿಲ್ಲ.

ತಿದ್ದಿಸಿದ ಅಧ್ಯಕ್ಷರಿಗೇ ತಲೆಬುಡ ತಿಳಿಯಲಿಲ್ಲ. "ಅಲ್ರೀ ಹೆಡ್‌ಮಾಸ್ಟ್ರೆ, ನೀರು ಎಲ್ಲಿ ಹೋತ್ರಿ?"

"ಮುಂದಿನ ಸಾಲಿನಾಗೆ ಕುಂತೈತ್ರಿ," ಎಂದಿತು ಹಿಂದಿನಿಂದ ಒಂದು ದನಿ.

ಸಭೆ ಬಿದ್ದು ಬಿದ್ದು ನಕ್ಕಿತು. ಆ ದನಿ ನನ್ನದು. ತಡೆಯಲಾಗಲಿಲ್ಲ. ಪರದೆಯ ಪಕ್ಕದಿಂದ ಗಿರಿಜ ನನ್ನನ್ನೇ ನೋಡುತ್ತಿದ್ದಳು. ಅವಳ ಕೆಲಸ ಇವತ್ತಿಗೆ ಮುಗಿಯಿತು, ಮುಗಿಸಿದವನು ನಾನು ಎಂದುಕೊಂಡೆ.

ಆದರೆ ಎಲ್ಲರಿಗಿಂತ ಜೋರಾಗಿ ನಕ್ಕವರು ಅಧ್ಯಕ್ಷರು, ಹೆಡ್‌ಮಾಸ್ಟರ ಹೊಟ್ಟೆಯನ್ನು ನೋಡುತ್ತಾ! ಹೆಡ್‌ಮಾಸ್ಟರು ಅಧ್ಯಕ್ಷರ ಹೊಟ್ಟೆಯನ್ನು ನೋಡಿ, ಮುಖ ಆಚೆ ತಿರುಗಿಸಿಕೊಂಡು ನಕ್ಕರು. ಇಂಥ ಒಳ್ಳೆಯ ನಾಟಕ ಆಡಿಸಿದ ಟೀಚರನ್ನು ಬಿಡಬಾರದೆಂದು ಇಬ್ಬರೂ ಅಲ್ಲೇ ಮಾತಾಡಿಕೊಂಡರಂತೆ.

ಗಿರಿಜ ನನ್ನನ್ನು ಬಸ್ಸು ಹತ್ತಿಸಿದಳು. ಬಸ್ಸು ಹೊರಡುವಾಗ ಕಿಟಕಿಯ ಹತ್ತಿರ ಬಂದಳು.

"ಮುಂದಿನ ವರ್ಷದ ಭೂತಕ್ಕೆ ಒಂದು ಪೆನ್ನು ಕೊಡ್ತೀನಣ್ಣ. ಅದಕ್ಕೆ ಬಾಯಿ ಮುಚ್ಚಾಕೇ ಬರಲ್ಲ."

ಈ ಭೂತ ಯಾರಿರಬಹುದೆಂದು ದಾವಣಗೆರೆ ಮುಟ್ಟುವವರೆಗೂ ಯೋಚಿಸಿದೆ. ನಮ್ಮ ಜಿಲ್ಲೆಯಲ್ಲಿ ಅಂಥ ಲೀಡರು ಯಾರಿದ್ದಾರೆ ಸ್ವಾಮಿ?