ಹಸಿರಾಗೇ ಸತ್ತ ಎಲೆ

ಕ್ಷಮೆ ದೊಡ್ಡ ಗುಣ ಎಂದು ನನಗೆ ಯಾರೂ ಹೇಳಲು ಬರಬೇಡಿ. ನನ್ನ ಪಿಎಚ್‌ಡಿ ಗೈಡನ್ನು ನಾನು ಕ್ಷಮಿಸಿಲ್ಲ. ಅವರಿಗೆ ಈಗ ವಯಸ್ಸಾಗಿದೆ, ಕೋಲು ಹಿಡಿದು ನಡೆಯುತ್ತಾರೆ ಎಂದು ಮೊನ್ನೆ ಯಾರೋ ಹೇಳಿದರು. ಪಾಪ ಅನ್ನಿಸುತ್ತದೇನೋ ಎಂದು ಒಂದು ನಿಮಿಷ ಸುಮ್ಮನೆ ಕೂತು ನೋಡಿದೆ. ಅನ್ನಿಸಲಿಲ್ಲ.

ನಮ್ಮದು ಹುಣಸೂರಿನಿಂದ ವೀರನಹೊಸಹಳ್ಳಿ ಕಡೆ ಹೋಗುವ ರಸ್ತೆಯ ಒಂದು ಊರು. ಹೊಗೆಸೊಪ್ಪಿನ ಸೀಮೆ. ಮನೆಯ ಹಿಂದೆಯೇ ಎಲೆ ಬೇಯಿಸುವ ಬ್ಯಾರನ್. ಎತ್ತರದ ಗೋಡೆ, ಸಣ್ಣ ಕಿಟಕಿ, ಕೆಳಗೆ ಬೆಂಕಿಯ ಒಲೆ, ಒಳಗೆ ಕಡ್ಡಿಗೆ ಕಟ್ಟಿ ತೂಗುಹಾಕಿದ ಹಸಿರು ಎಲೆ. ಆ ಬ್ಯಾರನ್ನಿನ ಯಜಮಾನಿಕೆ ನಮ್ಮ ದೊಡ್ಡವ್ವನದು. ಅಂದರೆ ಅಪ್ಪನ ಅಣ್ಣನ ಹೆಂಡತಿ. ದೊಡ್ಡಪ್ಪ ತೀರಿಕೊಂಡ ಮೇಲೆ ಗಂಡಸರು ಮಾಡುವ ಆ ಕೆಲಸವನ್ನು ಯಾರ ಅಪ್ಪಣೆಯನ್ನೂ ಕೇಳದೆ ಕೈಗೆ ತೆಗೆದುಕೊಂಡವಳು. ಕಿಟಕಿಯಲ್ಲಿ ಥರ್ಮಾಮೀಟರ್ ತೂಗುತ್ತಿದ್ದರೂ ಅದನ್ನು ಆಕೆ ನೋಡುತ್ತಿದ್ದುದು ಕಡಿಮೆ. ಒಂದು ಎಲೆ ಕಿತ್ತು ತನ್ನ ಕೆನ್ನೆಗೆ ಒತ್ತಿಕೊಳ್ಳುತ್ತಿದ್ದಳು. ಆಮೇಲೆ ಒಲೆಗೆ ಒಂದು ಕೊರಡು ಹಾಕಬೇಕೋ ಎಳೆಯಬೇಕೋ ಹೇಳುತ್ತಿದ್ದಳು.

"ಎಲೆ ಅವಸ್ರುದಲ್ಲಿ ಸಾಯಬಾರ್ದು ಕಣವ್ವ," ಎಂದು ನನಗೆ ಆಕೆ ಹೇಳಿದ್ದು ನೂರು ಸಲ. "ಮೆಲ್ಲಗೆ ಬಿಸಿ ಕೊಟ್ರೆ ಅದು ತಾನೇ ಹಳದಿ ಆಗಿ, ಸಿಹಿ ಕೂಡ್ಕೊಂಡು, ಆಮ್ಯಾಕೆ ಸಾಯ್ತದೆ. ಒಂದೇ ಏಟ್ಗೆ ಕಾಸುದ್ರೆ ಹಸ್ರಾಗೇ ಸತ್ತೋಯ್ತದೆ. ಹಸ್ರಾಗೇ ಸತ್ತ ಎಲೆನ ಯಾವನೂ ಮುಟ್ಟಾಕಿಲ್ಲ."

ಹಳದಿಯಾಗುವಾಗ ಎಲೆ ಇನ್ನೂ ಬದುಕಿಯೇ ಇರುತ್ತದೆ. ಸಾಯುವ ಮುಂಚೆ ಅದಕ್ಕೆ ಮಾಡಿಕೊಳ್ಳಬೇಕಾದ ಕೆಲಸ ಇರುತ್ತದೆ, ಅದಕ್ಕೆ ಸಮಯ ಕೊಡಬೇಕು. ಇದು ನಮ್ಮೂರಿನ ಮಕ್ಕಳಿಗೂ ಗೊತ್ತು. ಮುದ್ದೆ ಮಾಡುವವರಿಗೆ ಮೊದಲು ಎಸರು ಕುದಿಯಬೇಕು ಎಂದು ಯಾರಾದರೂ ಹೇಳಿಕೊಡುತ್ತಾರೆಯೇ? ಹಾಗೆ.

ನಮ್ಮಜ್ಜಿ ಕೆನ್ನೆಯ ಕ್ಯಾನ್ಸರಿನಿಂದ ಸತ್ತಾಗ ನಾನು ಹೈಸ್ಕೂಲು. ಎಲೆಅಡಿಕೆ, ಹೊಗೆಸೊಪ್ಪಿನ ಕಡ್ಡಿಪುಡಿ, ದಿನವಿಡೀ. ಆ ಗಡ್ಡೆಯ ಮೇಲೆ ನನಗೆ ಹುಟ್ಟಿದ್ದು ದುಃಖವಲ್ಲ, ಹಗೆ. ಎಂಎಸ್ಸಿ ಮುಗಿಸಿ ಮೈಸೂರಿನಲ್ಲಿ ಸಂಶೋಧನೆಗೆ ಸೇರಿದ್ದು ಆ ಹಗೆಯ ಬಲದಿಂದಲೇ. ತೊಂಬತ್ತರ ದಶಕದ ಮಧ್ಯದಲ್ಲಿ ಜೀವಕೋಶಗಳ ಸಾವು ಎಂಬುದು ದೊಡ್ಡ ವಿಷಯ. ಕ್ಯಾನ್ಸರ್ ಕೋಶವನ್ನು ಕೊಲ್ಲುವುದು ಕಷ್ಟವೇನಲ್ಲ, ಬಿಸಿನೀರು ಸಾಕು. ಆದರೆ ಅದು ಸಾಯುವ ರೀತಿ ನೋಡಿ ನಮ್ಮ ಮೈಯ ಕಾವಲು ಕೋಶಗಳು ಎಚ್ಚರವಾಗಿ, ಉಳಿದ ಕ್ಯಾನ್ಸರ್ ಕೋಶಗಳ ಮೇಲೂ ಬೀಳಬೇಕು. ಅಂಥ ಸಾವು ಯಾವುದು ಎಂಬುದು ನಮ್ಮ ಲ್ಯಾಬಿನ ಪ್ರಶ್ನೆ.

ನನ್ನ ಗೈಡ್ ಆನೆ ನಡೆದದ್ದೇ ದಾರಿ ಎನ್ನುವ ಜಾತಿಯ ಮನುಷ್ಯ. ನನ್ನನ್ನು ಹೆಸರಿನಿಂದ ಕರೆಯುತ್ತಿರಲಿಲ್ಲ. ಒಂದು ದಿನ ನಾನು ಕೋಶಗಳಿದ್ದ ಗಾಜಿನ ಬುರುಡೆಯನ್ನು ಬಿಸಿನೀರಿನ ತೊಟ್ಟಿಯಿಂದ ತೆಗೆದು, ಅಭ್ಯಾಸಬಲದಿಂದ ಕೆನ್ನೆಗೆ ಒತ್ತಿಕೊಂಡು ನೋಡುತ್ತಿದ್ದೆ. ಅವರು ಬಾಗಿಲಲ್ಲಿ ನಿಂತು ಎಲ್ಲರಿಗೂ ಕೇಳುವಂತೆ, "ಏನಮ್ಮ, ಹೊಗೆಸೊಪ್ಪು ಬೆಂದಿತಾ?" ಎಂದರು. ಲ್ಯಾಬು ನಕ್ಕಿತು. ಅಂದಿನಿಂದ ನಾನು ಹೊಗೆಸೊಪ್ಪು. "ಹೊಗೆಸೊಪ್ಪನ್ನ ಕರೀರಿ," "ಹೊಗೆಸೊಪ್ಪಿನ ಕೈಲಿ ಆ ಗಾಜು ತೊಳಿಸ್ರಿ."

ಆದರೆ ಕೆಲಸ ಕೈಗೆ ಹತ್ತಿದ್ದು ಹೊಗೆಸೊಪ್ಪಿಗೇ. ಬೇರೆಯವರು ಕೋಶಗಳನ್ನು ನೇರ ನಲವತ್ತೆರಡು ಡಿಗ್ರಿ ತೊಟ್ಟಿಗೆ ಇಳಿಸುತ್ತಿದ್ದರು. ಕೋಶಗಳು ಸಾಯುತ್ತಿದ್ದವು, ಕಾವಲು ಕೋಶಗಳು ಅವುಗಳ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ನಾನು ಕಾವನ್ನು ಒಂದೊಂದೇ ಡಿಗ್ರಿ ಏರಿಸಿ, ಪ್ರತಿ ಮೆಟ್ಟಿಲಲ್ಲೂ ಅಷ್ಟು ಹೊತ್ತು ನಿಲ್ಲಿಸಿ, ಕೊನೆಗೆ ಆರಲು ಬಿಟ್ಟು ಆಮೇಲೆ ಕೊಲ್ಲುತ್ತಿದ್ದೆ. ನನ್ನ ಗಾಜಿನ ತಟ್ಟೆಯಲ್ಲಿ ಕಾವಲು ಕೋಶಗಳು ಮುತ್ತಿಕೊಂಡವು, ತಿಂದವು, ಪಕ್ಕದ ಕೋಶಗಳನ್ನೂ ಎಬ್ಬಿಸಿದವು. ಒಂದು ಸಲವಲ್ಲ, ಮಾಡಿದಾಗಲೆಲ್ಲ.

ನೋಟ್‌ಬುಕ್ಕಿನಲ್ಲಿ ಮಾತ್ರ ಬರೆದದ್ದು ಇಷ್ಟೇ: ನಲವತ್ತೆರಡಕ್ಕೆ ಬಿಸಿ ಮಾಡಿ, ಆರಿಸಿ, ಕೊಂದೆ. ಬಚ್ಚಿಡಬೇಕೆಂದು ಹಾಗೆ ಬರೆದದ್ದಲ್ಲ, ದೇವರಾಣೆ. ಬಿಸಿ ಮಾಡುವುದು ಎಂದರೆ ಮೆಲ್ಲಗೆ ಮಾಡುವುದೇ ಎಂದು ಬ್ಯಾರನ್ ಹಿತ್ತಲಲ್ಲಿ ಬೆಳೆದವಳಿಗೆ ಬೇರೆ ಬರೆಯಬೇಕೆಂದೇ ತೋಚಲಿಲ್ಲ.

ಗೈಡ್ ನೋಟ್‌ಬುಕ್ಕನ್ನು ನೋಡಲೆಂದು ತೆಗೆದುಕೊಂಡರು. ಏಳೆಂಟು ತಿಂಗಳ ಮೇಲೆ ಲೈಬ್ರರಿಯಲ್ಲಿ ಒಂದು ವಿಜ್ಞಾನ ಪತ್ರಿಕೆಯ ಹೊಸ ಸಂಚಿಕೆ ತಿರುವುತ್ತಿದ್ದಾಗ ನನ್ನ ಪ್ರಯೋಗದ ಚಿತ್ರಗಳೇ ಕಂಡವು. ಲೇಖಕರು ಅವರು ಮತ್ತು ಅವರಿಗೆ ಬೇಕಾದ ಇನ್ನೊಬ್ಬ ವಿದ್ಯಾರ್ಥಿ. ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ, ತಾಂತ್ರಿಕ ನೆರವಿಗಾಗಿ ಎಂದು, ನನಗೆ ಒಂದು ಕೃತಜ್ಞತೆ. ಕೆಸರು ನನ್ನ ಕೈಗೆ, ಮೊಸರು ಅವರ ಬಾಯಿಗೆ. ಕೇಳಲು ಹೋದೆ. "ನಿನ್ನ ಹೆಸರು ಇದೆಯಲ್ಲಮ್ಮ, ಸರಿಯಾಗಿ ನೋಡು," ಎಂದು ಮತ್ತೆ ತಮ್ಮ ಕಾಗದಗಳಿಗೆ ಬಗ್ಗಿದರು.

ನಾನು ಜಗಳ ಆಡಲಿಲ್ಲ. ಪಿಎಚ್‌ಡಿ ಅರ್ಧಕ್ಕೇ ಬಿಟ್ಟು ಬಂದೆ. ಕೆ.ಆರ್. ನಗರದ ಒಂದು ಕಾಲೇಜಿನಲ್ಲಿ ಕಪ್ಪೆಯ ಹೃದಯಕ್ಕೆ ಮೂರು ಕೋಣೆ ಎಂದು ಪಾಠ ಮಾಡಿಕೊಂಡಿದ್ದೆ. ಒಳಗೆ ಮಾತ್ರ ಬೂದಿ ಮುಚ್ಚಿದ ಕೆಂಡ. ಸಾಲಿಗ್ರಾಮದ ಕಡೆಯ ಹುಡುಗಿಯರು ನೋಟ್ಸ್ ತೋರಿಸಲು ಬಂದರೆ ಪ್ರತಿ ಪುಟದಲ್ಲೂ ಅವರವರ ಹೆಸರು ಬರೆಸುತ್ತಿದ್ದೆ. ನಮ್ಮ ಮೇಡಮ್ಮಿಗೆ ಇದೊಂದು ಹುಚ್ಚು ಎಂದು ಅವರು ನಗುತ್ತಿದ್ದರು.

ಅಷ್ಟರಲ್ಲಿ ದೊಡ್ಡವ್ವನ ಕೆನ್ನೆಯಲ್ಲೂ ಹುಣ್ಣು ಕಂಡಿತು. ಎಲೆ ಒತ್ತಿಕೊಳ್ಳುತ್ತಿದ್ದ ಅದೇ ಕೆನ್ನೆ. ಡಾಕ್ಟರು ದವಡೆಯ ಒಂದು ಭಾಗವನ್ನೇ ತೆಗೆದರು. ಮಾತು ತೊದಲಿತು, ಬಾಯಿಯ ಒಂದು ಮೂಲೆಯಿಂದ ಜೊಲ್ಲು ಇಳಿಯುತ್ತಿದ್ದರಿಂದ ಯಾವಾಗಲೂ ಒಂದು ಟವೆಲು ಹಿಡಿದಿರುತ್ತಿದ್ದಳು. ನನ್ನ ಕೆಲಸ ಅವಳಿಗೆ ಮದ್ದಾಗುತ್ತಿತ್ತೇ? ಇಲ್ಲ. ತಟ್ಟೆಯಿಂದ ಮನುಷ್ಯರ ಮೈಗೆ ಬರಲು ಎಷ್ಟು ದೂರ ಎಂದು ನನಗೆ ಗೊತ್ತು. ಆದರೂ ಆ ಹಗೆಯ ಜೊತೆ ಈ ಹಗೆಯೂ ಸೇರಿಕೊಂಡಿತು, ಯಾವುದು ಯಾವುದೆಂದು ಬೇರೆ ಮಾಡಲು ಆಗಲಿಲ್ಲ.

ಆಮೇಲೆ ಕಿವಿಗೆ ಬಿತ್ತು: ಗೈಡ್ ಸಿಕ್ಕಿಹಾಕಿಕೊಂಡಿದ್ದಾರೆ. ಬೇರೆ ಊರಿನ ಲ್ಯಾಬುಗಳು ಆ ಪ್ರಯೋಗ ಮಾಡಿ ನೋಡಿದರೆ ಫಲ ಸಿಗುತ್ತಿಲ್ಲ. ಅವರ ಸ್ವಂತ ಲ್ಯಾಬಿನಲ್ಲೂ ಸಿಗುತ್ತಿಲ್ಲ. ಸುಳ್ಳು ಬರೆದಿದ್ದಾರೆಯೇ ಎಂದು ಕಾಗದಗಳು ಬರುತ್ತಿವೆ. ಆ ದಿನ ನಾನು ಹೋಟೆಲಿಗೆ ಹೋಗಿ ಮಸಾಲೆ ದೋಸೆ ತಿಂದೆ. ಅಷ್ಟು ರುಚಿಯಾದ ದೋಸೆಯನ್ನು ಮತ್ತೆ ತಿಂದಿಲ್ಲ.

ಅವರು ಬಂದರು. ಎಲೆ ಬೇಯುವ ಕಾಲದ ಒಂದು ಭಾನುವಾರ, ನಾನು ಊರಲ್ಲಿದ್ದಾಗ, ಮೈಸೂರುಪಾಕಿನ ಡಬ್ಬಿ ಹಿಡಿದು ಕಾರಿನಲ್ಲಿ. ಬ್ಯಾರನ್ ಮುಂದಿನ ಜಗಲಿಯಲ್ಲಿ ಕುರ್ಚಿ ಹಾಕಿದೆವು. ಮೊದಲ ಸಲ ನನ್ನನ್ನು ಹೆಸರು ಹಿಡಿದು ಕರೆದರು.

"ಬಿಸಿ ಮಾಡೋದ್ರಲ್ಲಿ ನೀನು ಏನೋ ಮಾಡ್ತಿದ್ದೆ. ಏನದು?" ಎಂದರು.

"ನೋಟ್‌ಬುಕ್ಕಿನಲ್ಲಿ ಇದೆಯಲ್ಲ ಸಾರ್, ಸರಿಯಾಗಿ ನೋಡಿ," ಎಂದೆ.

ಈ ಮಾತನ್ನು ಹೇಳಲು ನಾನು ಎಷ್ಟು ಕಾಲ ಕಾದಿದ್ದೆ. ಅವರ ಮುಖ ಇಂಗು ತಿಂದ ಮಂಗನ ಹಾಗಾಯಿತು. ದೊಡ್ಡವ್ವ ಕಾಫಿ ತಂದಳು. ಅವರು ಟವೆಲನ್ನು ನೋಡಿದರು, ಲೋಟವನ್ನು ನೋಡಿದರು, ಪಕ್ಕಕ್ಕೆ ಇಟ್ಟರು. ದೊಡ್ಡವ್ವ ಅದನ್ನೂ ನೋಡಿದಳು.

"ಬಿಸಿ ಇಚಾರ ಕೇಳ್ತಾವ್ರಾ?" ಎಂದು ನನ್ನನ್ನು ಕೇಳಿ, ನಾನು ಬೇಡವೆಂದು ಕಣ್ಣಲ್ಲೇ ಸನ್ನೆ ಮಾಡುವಷ್ಟರಲ್ಲಿ ಅವರ ಕಡೆ ತಿರುಗಿದಳು. "ನಾನೇಳ್ತೀನಿ ಬನ್ನಿ ಸ್ವಾಮಿ."

ನನ್ನ ಕೈಯಲ್ಲಿ ಉಳಿದಿದ್ದುದು ಆ ಗುಟ್ಟೊಂದೇ. ಆಕೆ ಕಿಟಕಿಯಿಂದ ಒಂದು ಎಲೆ ಎಳೆದು ಅವರ ಕೈಗೇ ಕೊಟ್ಟಳು. ತೊದಲುತ್ತ, ಆದರೆ ಬಿಡಿಸಿ ಬಿಡಿಸಿ ಹೇಳಿದಳು. ಮೆಲ್ಲಗೆ ಏರಿಸಬೇಕು. ಏರಿಸಿ ನಿಲ್ಲಿಸಬೇಕು, ಮತ್ತೆ ಏರಿಸಬೇಕು. ಸಾಯಲು ಪುರುಸೊತ್ತು ಕೊಡಬೇಕು. ಹಸಿರಾಗೇ ಸತ್ತರೆ ಯಾರೂ ಮುಟ್ಟುವುದಿಲ್ಲ. "ಇವ್ಳೂ ನಿಮ್ತಾವ ಅಂಗೇ ಮಾಡಿರ್ತಾಳೆ ಬುಡಿ, ನಾನೇ ಕಲ್ಸಿದ್ದು."

ಪೂರ್ತಿ ಹೇಳಿದಳು. ಒಂದು ಅಕ್ಷರ ಬಿಡಲಿಲ್ಲ. ಗೈಡ್ ಗಡಿಯಾರ ನೋಡಿಕೊಂಡರು. ಎಲೆಯನ್ನು ಜಗಲಿಯ ಮೇಲೆ ಇಟ್ಟು ಬೆರಳುಗಳನ್ನು ಕರ್ಚೀಫಿನಲ್ಲಿ ಒರೆಸಿಕೊಂಡರು. "ಆಯ್ತಮ್ಮ, ಆಯ್ತು, ರೆಸ್ಟ್ ತಗೊಳ್ಳಿ," ಎಂದು ಅವಳಿಗೆ ಹೇಳಿ, ನನ್ನ ಕಡೆ ತಿರುಗಿ, "ನೀನು ಯೋಚನೆ ಮಾಡು," ಎಂದು ಕಾರು ಹತ್ತಿದರು.

ಕಾರು ತಿರುವಿನಲ್ಲಿ ಮರೆಯಾದ ಮೇಲೆ ನಾನು ದೊಡ್ಡವ್ವನ ಮೇಲೆ ರೇಗಿದೆ. ಯಾಕೆ ಹೇಳಿದೆ, ಅವರೇ ನನ್ನ ಕೆಲಸ ಕದ್ದವರು ಎಂದೆ. ಆಕೆ ಟವೆಲು ಒತ್ತಿಕೊಂಡು ನಗತೊಡಗಿದಳು. ದವಡೆ ಹೋದ ಮೇಲೆ ನಗುವುದು ಅವಳಿಗೆ ನೋವು, ಆದರೂ ನಕ್ಕಳು.

"ಅವ್ರೇ ಅಂತ ಗೊತ್ತಾಗೇ ಏಳ್ದೆ. ಕಾಫಿ ಕುಡೀದೇ ಇದ್ದೋನು ಮಾತು ಕೇಳ್ತಾನಾ? ನಾಳೆ ಯಾರೂ ಬಚ್ಚಿಟ್ರು ಅನ್ಬಾರ್ದು. ಏಳಿದ್ದೀವಿ. ಕೇಳುಸ್ಕಂಡಿಲ್ಲ ಅಂದ್ರೆ ಅವ್ನ ಕರ್ಮ."

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಅದನ್ನು ನಾನು ಯಾವ ಲ್ಯಾಬಿನಲ್ಲೂ ಕಲಿಯಲಿಲ್ಲ. ಕೆನೆಗಟ್ಟಿದ ಆ ಕಾಫಿಯನ್ನು ದೊಡ್ಡವ್ವ ಬೇವಿನ ಮರದ ಬುಡಕ್ಕೆ ಚೆಲ್ಲಿದಳು.

ಆ ನಗು ನನ್ನನ್ನು ಮತ್ತೆ ಲ್ಯಾಬಿಗೆ ಕಳಿಸಿತು. ಬೇರೆ ಊರಿನಲ್ಲಿ, ಬೇರೆ ಗೈಡ್ ಕೆಳಗೆ, ಮೊದಲಿನಿಂದ ಶುರು ಮಾಡಿದೆ. ಈ ಸಲ ನೋಟ್‌ಬುಕ್ಕಿನಲ್ಲಿ ಪ್ರತಿ ಡಿಗ್ರಿಯನ್ನೂ ಬರೆದೆ. ಲೇಖನ ಬರುವಷ್ಟರಲ್ಲಿ ಎರಡು ಸಾವಿರದ ಇಸವಿ ದಾಟಿತ್ತು, ದೊಡ್ಡವ್ವ ಮಣ್ಣಾಗಿ ಎರಡು ಬೆಳೆ ಕಳೆದಿತ್ತು. ಕೊನೆಯ ಪುಟದಲ್ಲಿ, ವಿಧಾನ ಕಲಿಸಿದ್ದಕ್ಕಾಗಿ ಎಂದು ಅವಳ ಹೆಸರು ಹಾಕಿದೆ. ಅದರ ಕೆಳಗೆ, ತಾಂತ್ರಿಕ ನೆರವಿಗಾಗಿ ಎಂದು ನನ್ನ ಹಳೆಯ ಗೈಡ್ ಹೆಸರು. ಒಂದು ಪ್ರತಿಯನ್ನು ಅವರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆ. ಸಣ್ಣತನ ಎನ್ನುವವರು ಎನ್ನಲಿ, ಹೌದು, ಸಣ್ಣತನವೇ.

ಮುಂದಿನ ವರ್ಷ ಮೈಸೂರಿನ ಒಂದು ವಿಚಾರ ಸಂಕಿರಣದಲ್ಲಿ ಎದುರಾದರು. ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನನ್ನ ಪಕ್ಕ ಬಂದು ನಿಂತರು.

"ಅವತ್ತೇ ಒಂದು ಮಾತು ಹೇಳಿದ್ದರೆ ನನ್ನ ಮಾನ ಉಳೀತಿತ್ತು," ಎಂದರು.

"ಅವತ್ತೇ ಹೇಳಿದ್ದೆವು ಸಾರ್. ಬ್ಯಾರನ್ ಮುಂದೆ. ನಮ್ಮ ದೊಡ್ಡವ್ವ ನಿಮ್ಮ ಕೈಗೇ ಎಲೆ ಕೊಟ್ಟು ಹೇಳಿದಳು."

ಅವರು ತುಂಬ ಹೊತ್ತು ನೆನಪು ಮಾಡಿಕೊಂಡರು. "ಯಾರು, ಆ ಟವೆಲು ಹಿಡಿದಿದ್ದ ಹೆಂಗಸಾ?"

"ಅವಳೇ," ಎಂದೆ.

ಅವರ ಮುಖದಿಂದ ರಕ್ತ ಇಳಿದುಹೋಯಿತು. ಬಡಿಸುವವನು ಸಾರು ಎತ್ತಿ ಹಿಡಿದು ಕಾಯುತ್ತಿದ್ದರೂ ಅವರ ತಟ್ಟೆ ಮುಂದೆ ಹೋಗಲಿಲ್ಲ. ನಾನು ಹೊಟ್ಟೆ ತುಂಬ ಊಟ ಮಾಡಿದೆ, ಪಾಯಸವನ್ನು ಎರಡು ಸಲ ಹಾಕಿಸಿಕೊಂಡೆ.

ಸಂಜೆ ಹುಣಸೂರು ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ಅವರು ಕೇಳಿದ್ದು, ನಾನು ಹೇಳಿದ್ದು, ಅವರ ಮುಖ ಹೇಗಾಯಿತು, ಸಾರಿನವನು ಹೇಗೆ ನಿಂತಿದ್ದ, ಎಲ್ಲವನ್ನೂ ಹೇಗೆ ಹೇಳಿದರೆ ದೊಡ್ಡವ್ವ ಹೆಚ್ಚು ನಗುತ್ತಾಳೆ ಎಂದು ಇಲವಾಲದವರೆಗೂ ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ. ಬಸ್ಸು ಬಿಳಿಕೆರೆ ದಾಟುವಾಗ ನೆನಪಾಯಿತು, ಕೇಳಬೇಕಾದವಳು ಇಲ್ಲ.