ಹೊಟ್ಟೆ ಉಬ್ಬಿದ ಲ್ಯಾಪ್‌ಟಾಪ್

ಹಳೆಯ ಲ್ಯಾಪ್‌ಟಾಪೊಂದನ್ನು ಕೊಳ್ಳುವುದೋ ಬಿಡುವುದೋ ಎಂದು ತೀರ್ಮಾನಿಸಲು ನಮ್ಮವ್ವ ಎತ್ತಿನ ದಲಾಲನನ್ನು ಕರೆಸಿದಳು. ಮನೆಯಲ್ಲಿ ಓದಿದವರು ಯಾರೂ ಇರಲಿಲ್ಲ ಎಂದಲ್ಲ. ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದ ಮಗಳು ನಾನಿದ್ದೆ. ಆದರೆ ನನ್ನ ಪದವಿಯ ಮೇಲೆ ಅವ್ವನಿಗೆ ಎಷ್ಟು ಭರವಸೆ ಎಂದರೆ, ಸಂತೆಯಲ್ಲಿ ಬದನೆಕಾಯಿ ಆರಿಸುವುದನ್ನೂ ನನಗೆ ಬಿಡುವುದಿಲ್ಲ. “ಪುಸ್ತಕ ಓದೀದಿ, ಖರೆ. ಹುಳುಕ ಎಲ್ಲೈತಿ ಗೊತ್ತಾಗೂದಿಲ್ಲ ನಿನಗ” ಎನ್ನುತ್ತಾಳೆ. ಈಗ ಆ ಮಾತಿಗೆ ನಾನು ಎದುರುತ್ತರ ಕೊಡುವುದಿಲ್ಲ.

ದಲಾಲನೆಂದರೆ ಅವ್ವನ ಅಣ್ಣ, ಅಸಂಗಿಯಲ್ಲಿರುವ ನನ್ನ ಸೋದರಮಾವ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು. ದನದ ಸಂತೆಯಲ್ಲಿ ಮಾರುವವನ ಕೈಯನ್ನೂ ಕೊಳ್ಳುವವನ ಕೈಯನ್ನೂ ಒಂದೊಂದಾಗಿ ತನ್ನ ಟವೆಲ್ಲಿನ ಕೆಳಗೆ ತೆಗೆದುಕೊಂಡು, ಬೆರಳು ಹಿಡಿದು, ಬೆರಳು ಬಿಟ್ಟು, ಆ ಬೆರಳುಗಳ ಲೆಕ್ಕದಲ್ಲೇ ಬೆಲೆ ಹೇಳಿ, ಬಾಯಿ ತೆರೆಯದೆ ವ್ಯಾಪಾರ ಮುಗಿಸುತ್ತಾನೆ. ಸುತ್ತ ನಿಂತ ನಲವತ್ತು ಜನರಿಗೆ ಎರಡು ಗಂಭೀರ ಮುಖಗಳು ಮತ್ತು ಸ್ವಲ್ಪ ಅಲುಗಾಡುವ ಒಂದು ಟವೆಲ್ ಮಾತ್ರ ಕಾಣುತ್ತವೆ. “ನನ್ನ ಅಂಗಡಿ ಇಷ್ಟ ನೋಡು” ಎಂದು ಬಲಗೈಯ ಐದು ಬೆರಳು ಬಿಡಿಸಿ ತೋರಿಸುತ್ತಿದ್ದ. “ಬಾಡಗಿ ಇಲ್ಲ, ಕೀಲಿ ಇಲ್ಲ.”

ಲ್ಯಾಪ್‌ಟಾಪ್ ನನಗೆ ಬೇಕಾದದ್ದು ಹೊಟ್ಟೆಪಾಡಿಗೆ. ಗಡಿಯಾಚೆ ಮರಾಠಿ ಸೀಮೆಗೆ ಸೇರಿದ ನಮ್ಮ ಬಿಳೂರ ಮತ್ತು ಸುತ್ತಲಿನ ಕನ್ನಡ ಶಾಲೆಗಳ ಪ್ರಶ್ನೆಪತ್ರಿಕೆಗಳನ್ನು ಪೇಟೆಯಲ್ಲಿ ಟೈಪ್ ಮಾಡುತ್ತಿದ್ದವರು ಮರಾಠಿಯವರು. ಪಾಪ, ಅವರ ತಪ್ಪಲ್ಲ. ಆದರೆ ಅವರು ಮಾಡಿದ ಪತ್ರಿಕೆ ನೋಡಿದರೆ ಮಕ್ಕಳು ಉತ್ತರ ಬರೆಯುವ ಮೊದಲು ಪ್ರಶ್ನೆಯನ್ನೇ ತಿದ್ದಬೇಕಾಗುತ್ತಿತ್ತು. ಗಂಟೆಯ ಲೆಕ್ಕದಲ್ಲಿ ಪಾಠ ಮಾಡುತ್ತಿದ್ದ ನನಗೆ ಹೆಡ್‌ಮಾಸ್ತರರು ಹೇಳಿದರು: “ನಿಮ್ಮದ ಸ್ವಂತ ಲ್ಯಾಪ್‌ಟಾಪ್ ಇದ್ರ ಈ ಕೆಲಸ ನಿಮ್ಮದ ರಿ. ಆರು ಸಾಲೀದು. ಆದ್ರ ಸಹಾಮಾಹಿ ಪರೀಕ್ಷಾ ಬಂತು, ಲಗೂನ ನೋಡ್ರಿ.” ಅರ್ಧವಾರ್ಷಿಕ ಪರೀಕ್ಷೆಗೆ ಆರು ಶಾಲೆಗಳ ಪತ್ರಿಕೆ, ಆದರೆ ಹೊಸದು ಕೊಳ್ಳುವ ಶಕ್ತಿ ಇರಲಿಲ್ಲ. ಪೇಟೆಯಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುವ ಮಾಸ್ತರನೊಬ್ಬನ ಹತ್ತಿರ ಹಳೆಯದೊಂದು ಇದೆ ಎಂದು ತಿಳಿಯಿತು. ಹೀಗೆ ನಾನು, ಅವ್ವ, ಮಾಮಾ ಮೂವರೂ ಕನ್ಯೆ ನೋಡಲು ಹೊರಟವರಂತೆ ಬಸ್ಸು ಹತ್ತಿದೆವು.

ಹಳೆಯ ಲ್ಯಾಪ್‌ಟಾಪುಗಳ ಮೊದಲಿನ ಮಾಲೀಕರು ಯಾವಾಗಲೂ ಸಾಹೇಬರೇ ಆಗಿರುತ್ತಾರೆ ಮತ್ತು ಅವರು ಅದನ್ನು ಮುಟ್ಟಿಯೇ ಇರುವುದಿಲ್ಲ. “ಸಾಹೇಬ್ರು ಬರೇ ಈಮೇಲ್ ನೋಡತಿದ್ರ ರಿ” ಎಂದ ಮಾಸ್ತರ. ಕೀಲಿಗಳ ಮೇಲಿನ ಅಕ್ಷರಗಳಲ್ಲಿ ಅರ್ಧ ಅಳಿಸಿಹೋಗಿದ್ದವು. ಈಮೇಲುಗಳು ಭಾಳ ಉದ್ದ ಇದ್ದಿರಬೇಕು.

ಮಾಮಾ ಅದನ್ನು ಎತ್ತು ನೋಡುವಂತೆಯೇ ನೋಡಿದ. ಎದುರು ನಿಂತ, ಪಕ್ಕಕ್ಕೆ ಸರಿದ, ಹಿಂದೆ ಹೋದ. ಮುಚ್ಚಳ ಎತ್ತಿ ಹಲ್ಲು ನೋಡಿದ. ಬೆನ್ನ ಮೇಲೆ ಅಂಗೈ ಸವರಿದ. ಕೊನೆಗೆ ಮೇಜಿನ ಮೇಲಿಟ್ಟು ಒಂದು ಮೂಲೆಯನ್ನು ಬೆರಳಿನಿಂದ ಒತ್ತಿದ. ಅದು ಟಕ್ಕೆಂದು ಆ ಕಡೆ ವಾಲಿತು. ಬಿಟ್ಟ, ಈ ಕಡೆ ವಾಲಿತು.

“ಮಾಸ್ತರ, ಇದು ಯಾಕ ಕುಂಟತೈತಿ?”

“ಟೇಬಲ್ ಸಪಾಟ ಇಲ್ರಿ ಮಾಮಾ.”

ನಾನು ಬಗ್ಗಿ ಟೇಬಲ್ ನೋಡಿದೆ. ಪದವೀಧರೆ ಟೇಬಲ್ ನೋಡಿದಳು. ಮಾಮಾ ಲ್ಯಾಪ್‌ಟಾಪ್ ಬೋರಲು ಹಾಕಿ ಅದರ ಹೊಟ್ಟೆ ನೋಡಿದ.

“ಹೊಟ್ಟಿ ಉಬ್ಬೇತಿ ಇದರದು.”

“ಬಿಸಲಿಗಿ ಪ್ಲಾಸ್ಟಿಕ್ ಸ್ವಲ್ಪ ಬಾಗೇತ್ರಿ. ಹಳೇವು ಎಲ್ಲಾ ಹಂಗ. ಚಾಲೂ ಐತಿಲ್ಲೊ, ನೋಡ್ರಿ.” ಬಟನ್ ಒತ್ತಿದ. ಚಾಲೂ ಆಯಿತು. ನನಗೆ ಅಷ್ಟೇ ಸಾಕಾಗಿತ್ತು.

ಮಾಮಾನಿಗೆ ಸಾಕಾಗಲಿಲ್ಲ. “ನಮ್ಮ ಧಂದೆದಾಗ ಒಂದು ರೀತಿ ಐತಿ. ಮೂರು ದಿನ ನಮ್ಮ ಮನ್ಯಾಗ ಕಟಗೊಂಡು ನೋಡತೇವಿ. ಮೇವು ತಿಂದು ಕೆಲಸ ಮಾಡಿದ್ರ ರೊಕ್ಕ. ಇಲ್ಲಂದ್ರ ನಿಮ್ಮ ಎತ್ತ ನಿಮ್ಮ ದಾವಣಿಗಿ.” ಮಾಸ್ತರ ನಕ್ಕು ಒಪ್ಪಿದ. ಅಷ್ಟು ಬೇಗ ಯಾಕೆ ಒಪ್ಪಿದ ಎಂದು ಆಗ ಯಾರೂ ಕೇಳಲಿಲ್ಲ. ಅವನ ಮನೆಯಿಂದ ಅದು ಹೊರಬಿದ್ದರೆ ಸಾಕಾಗಿತ್ತೋ ಏನೋ.

ಮೊದಲ ಎರಡು ದಿನ ಅದು ಸೊಗಸಾಗಿ ದುಡಿಯಿತು. ಸಂಜೆ ಕಟ್ಟೆಯ ಮೇಲೆ ಕೂತು ಅದನ್ನು ತೊಡೆಯ ಮೇಲಿಟ್ಟುಕೊಂಡು ಏಳನೇ ಇಯತ್ತೆಯ ವಿಜ್ಞಾನ ಪತ್ರಿಕೆ ಟೈಪ್ ಮಾಡಿದೆ. ‘ಕಾಯಿಸಿದಾಗ ಪದಾರ್ಥಗಳು ಹಿಗ್ಗುತ್ತವೆ. ದಿನನಿತ್ಯದ ಜೀವನದಿಂದ ಎರಡು ಉದಾಹರಣೆ ಕೊಡಿ.’ ಎರಡು ಅಂಕದ ಪ್ರಶ್ನೆ. ಒಂದು ಉದಾಹರಣೆ ನನ್ನ ತೊಡೆಯ ಮೇಲೆಯೇ ಬೆಚ್ಚಗೆ ಕೂತಿತ್ತು. ಬೆರಳಾಡಿಸುವ ಪಟ್ಟಿ ಮೇಲಕ್ಕೆದ್ದು ಬಂದಿತ್ತು, ಬಾಣದ ಗುರುತು ತನ್ನಿಷ್ಟದಂತೆ ಓಡಾಡುತ್ತಿತ್ತು. ಇದಕ್ಕೆ ನಾನು ಕಂಡುಕೊಂಡ ವೈಜ್ಞಾನಿಕ ಪರಿಹಾರವೆಂದರೆ ಹೊರಗಿನಿಂದ ಒಂದು ಮೌಸ್ ಸಿಕ್ಕಿಸಿದ್ದು.

“ಇದೇನ ರೊಟ್ಟಿಗತೆ ಉಬ್ಬಾಕತ್ತೇತಿ” ಎಂದಳು ಅವ್ವ.

“ಹಂಗೇನಿಲ್ಲ ಬೇ. ಮೊದಲ ಹಂಗ ಇತ್ತು.”

ಅದು ಉಬ್ಬುತ್ತಿದೆ ಎಂದು ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಮೊಬೈಲಿನಲ್ಲಿ ಹುಡುಕಿದ್ದೆ. ಬ್ಯಾಟರಿ ಉಬ್ಬಿದರೆ ತಕ್ಷಣ ಬಳಸುವುದನ್ನು ನಿಲ್ಲಿಸಿ ಎಂದು ಬರೆದಿತ್ತು. ಈ ಉತ್ತರ ನನಗೆ ಹಿಡಿಸಲಿಲ್ಲವಾದ್ದರಿಂದ ಮುಂದೆ ಹುಡುಕಿದೆ. ಅಲ್ಲಿಯೂ ಅದೇ. ಇನ್ನೂ ಮುಂದೆ ಹೋದಾಗ ಒಬ್ಬ ಪುಣ್ಯಾತ್ಮ ವಿಡಿಯೋದಲ್ಲಿ ತನ್ನ ಉಬ್ಬಿದ ಲ್ಯಾಪ್‌ಟಾಪನ್ನು ಎರಡು ವರ್ಷದಿಂದ ಬಳಸುತ್ತಿದ್ದೇನೆ, ಏನೂ ಆಗಿಲ್ಲ ಎಂದು ಹಲ್ಲು ಕಿರಿಯುತ್ತಿದ್ದ. ಅವನನ್ನು ನಂಬಿದೆ. ಆರು ಶಾಲೆಯ ಕೆಲಸ ಬೇಕಾದವರಿಗೆ ನಂಬಲು ಒಬ್ಬ ಸಾಕು.

ಮೂರನೇ ದಿನ ಬೆಳಿಗ್ಗೆ ಮಾಮಾ ಬಂದ. ಕಟ್ಟೆಯ ಮೇಲೆ ಅದನ್ನು ಬೋರಲು ಹಾಕಿದೆವು. ತಳದ ಪ್ಲಾಸ್ಟಿಕ್ಕು ಒಂದು ಬದಿಯಲ್ಲಿ ಬಾಯಿಬಿಟ್ಟಿತ್ತು. ಬಿರುಕಿನೊಳಗೆ ಬೆಳ್ಳಿಬಣ್ಣದ ಚೀಲವೊಂದು ದಪ್ಪಗೆ, ನುಣ್ಣಗೆ, ಹೊಳೆಯುತ್ತ ಮಲಗಿತ್ತು.

“ಗಾಳಿ ತುಂಬೇತಿ” ಎಂದ ಮಾಮಾ. ಅವನ ಮುಖ ಬೆಳಗಿತು. ಇಷ್ಟು ಹೊತ್ತು ಪರದೇಶದ ಪ್ರಾಣಿಯಾಗಿದ್ದದ್ದು ಈಗ ಗುರುತಿನ ರೋಗವೊಂದನ್ನು ತೋರಿಸಿತ್ತು. ಹಸಿ ಮೇವು ಜಾಸ್ತಿ ತಿಂದು ಹೊಟ್ಟೆ ಉಬ್ಬಿದ ಎತ್ತಿಗೆ ಎಡಪಕ್ಕೆಯಲ್ಲಿ ಜಾಗ ನೋಡಿ ಚುಚ್ಚಿದರೆ ಗಾಳಿ ಬುಸ್ಸೆಂದು ಹೊರಬಂದು ಎತ್ತು ಎದ್ದು ನಿಲ್ಲುತ್ತದೆ. ಡಾಕ್ಟರು ಬರುವಷ್ಟು ಹೊತ್ತಿಲ್ಲದಾಗ ಮಾಮಾ ಹಾಗೆ ಉಳಿಸಿದ ಎತ್ತುಗಳ ಕತೆಯನ್ನು ನಾನು ತೊಟ್ಟಿಲಿನಿಂದಲೇ ಕೇಳಿದ್ದೇನೆ.

“ತಂಗಿ, ದಬ್ಬಣ ಕೊಡು.” ಜೋಳದ ಚೀಲ ಹೊಲಿಯುವ ದಪ್ಪ ಸೂಜಿ.

“ಅಣ್ಣಾ, ಅದು ದನ ಅಲ್ಲ.”

“ಹೊಟ್ಟಿ ಅಂದ್ರ ಹೊಟ್ಟಿ. ಗಾಳಿ ಅಂದ್ರ ಗಾಳಿ.” ಆಮೇಲೆ ನನ್ನ ಕಡೆ ತಿರುಗಿದ. ಇದನ್ನೇ ನಾನು ಮತ್ತೆ ಮತ್ತೆ ನೆನೆಯುವುದು. “ನೀ ಕಲತಾಕಿ, ನೀ ಹೇಳು ಮಗಳ. ಒಳಗ ಗಾಳೀನ ಹೌದಲ್ಲೊ?”

“ಹೌದು ಮಾಮಾ. ಗ್ಯಾಸ್” ಎಂದೆ.

ಸರಿಯಾದ ಉತ್ತರ. ಪರೀಕ್ಷೆಯಲ್ಲಿ ಪೂರ್ತಿ ಅಂಕ ಸಿಗುತ್ತಿತ್ತು. ಎಂಥ ಗ್ಯಾಸು ಎಂದು ಅವನು ಕೇಳಲಿಲ್ಲ, ಕೇಳದ್ದನ್ನು ನಾನು ಹೇಳಲಿಲ್ಲ. ಲಿಥಿಯಮ್ಮಿನ ಮೇಲೆ ಮೌಖಿಕ ಪರೀಕ್ಷೆಯಲ್ಲಿ ಪ್ರಾಧ್ಯಾಪಕರಿಂದ ಶಾಬಾಶ್ ಅನ್ನಿಸಿಕೊಂಡ ನಾಲಿಗೆ ಇದೇ. ಚುಚ್ಚಿದರೆ ಇಳಿಯಲಿ, ಇಳಿದರೆ ಇದನ್ನೇ ಇಟ್ಟುಕೊಳ್ಳೋಣ, ಇಟ್ಟುಕೊಂಡರೆ ಆರು ಶಾಲೆ. ನನ್ನ ತಲೆಯಲ್ಲಿ ಓಡುತ್ತಿದ್ದ ರಸಾಯನಕ್ರಿಯೆ ಅದೊಂದೇ.

“ಕೊಂಬ ಹಿಡಿ” ಎಂದ ಮಾಮಾ. ನಾನು ಎರಡು ಮೂಲೆ ಹಿಡಿದೆ. ಅವನು ಎಡಗೈಯಿಂದ ಬಿರುಕು ಅಗಲಿಸಿ, ಬಲಗೈಯ ದಬ್ಬಣವನ್ನು ಒಳಗೆ ಒತ್ತಿದ.

ಮೊದಲು ಸಣ್ಣಗೆ ಸುಸ್ಸೆಂದಿತು. “ನೋಡು, ಬಂತು” ಎಂದ. ಒಂದು ವಾಸನೆ ಬಂತು. ಅತಿ ಹಣ್ಣಾದ ಪೇರಲಹಣ್ಣಿಗೆ ಉಗುರಿನ ಬಣ್ಣ ಬಳಿದಂತೆ, ಸಿಹಿ ವಾಸನೆ. ಈಗಲೂ ಸಂತೆಯಲ್ಲಿ ಪೇರಲಹಣ್ಣಿನ ಬುಟ್ಟಿ ಕಂಡರೆ ನಾನು ರಸ್ತೆ ದಾಟುತ್ತೇನೆ. ಆಮೇಲೆ ಬಿಳಿಯ ಹೊಗೆ. ಆಮೇಲೆ, ಯಾರೋ ಒಳಗಿನಿಂದ ಊದಿದಂತೆ, ಮೊಳದುದ್ದದ ಬೆಂಕಿ. ಅದು ನೇರ ನನ್ನ ಎದೆಯ ಕಡೆಗೆ ಬಂತು.

ನಾನು ಕೈಬಿಡಲಿಲ್ಲ. ಧೈರ್ಯದಿಂದಲ್ಲ. ಕೈ ಬಿಡುವುದು ಹೇಗೆಂದು ಮರೆತುಹೋಗಿತ್ತು. ಮಾಮಾ ಬಲಗೈಯಿಂದಲೇ, ಬರಿಗೈಯಿಂದಲೇ, ಉರಿಯುವ ಅದನ್ನು ನನ್ನಿಂದ ಕಿತ್ತು ಅಂಗಳಕ್ಕೆ ಎಸೆದ. ಅವ್ವ ನನ್ನ ಜಡೆ ಹಿಡಿದು ಹಿಂದಕ್ಕೆ ಎಳೆದಳು. ಅಂಗಳದಲ್ಲಿ ಅದು ಪಟ್ ಪಟ್ ಎನ್ನುತ್ತ ಒಂದೊಂದು ಚೀಲ ಹೊತ್ತಿಕೊಂಡು ಕುಣಿಯುತ್ತಿತ್ತು. ಅವ್ವ ಕೊಡದ ಕಡೆ ಓಡಿದಾಗ ನನಗೆ ಒಮ್ಮೆಲೇ ವಿದ್ಯೆ ನೆನಪಾಯಿತು. “ನೀರ ಬ್ಯಾಡ! ನೀರ ಬ್ಯಾಡ!” ಎಂದು ಕಿರುಚಿದೆ. ಆ ತರಹದ ಬ್ಯಾಟರಿಗೆ ನೀರು ಹಾಕಿದ್ದರೂ ನಡೆಯುತ್ತಿತ್ತು ಎಂದು ಆಮೇಲೆ ಓದಿದೆ. ಅಂದರೆ ಇಡೀ ಬೆಳಗಿನಲ್ಲಿ ನಾನು ಕೂಗಿ ಹೇಳಿದ ಒಂದೇ ಮಾತೂ ತಪ್ಪಾಗಿತ್ತು. ಅವ್ವ ನನ್ನನ್ನು ಒಮ್ಮೆ ನೋಡಿ, ಒಲೆಯ ಬೂದಿಯ ಬುಟ್ಟಿ ತಂದು ಅದರ ಮೇಲೆ ಬೋರಲು ಹಾಕಿದಳು. ಬೂದಿಯ ಕೆಳಗೆ ಅದು ಇನ್ನೂ ಎಷ್ಟೋ ಹೊತ್ತು ಕೆಮ್ಮುತ್ತಿತ್ತು.

ಮಾಮಾ ಕಟ್ಟೆಯ ಮೇಲೆ ಕೂತಿದ್ದ. ಮೀಸೆ ಅರ್ಧ ಹೋಗಿತ್ತು. ಬಲಗೈಯನ್ನು ಯಾರದೋ ವಸ್ತುವನ್ನು ನೋಡುವಂತೆ ನೋಡುತ್ತಿದ್ದ. “ಎಡ ಪಕ್ಕಡಿ ಅಂತ ತಿಳದೆ” ಎಂದ. “ಬಲಕ ಚುಚ್ಚಿದೆ ಕಾಣತೈತಿ.”

ನಕ್ಕವರು ಯಾರೂ ಇಲ್ಲ. ಆಗ.

ಮೂರು ಬೆರಳ ತುದಿ ಸುಟ್ಟಿದ್ದವು. ಗಾಯ ಮಾಯುತ್ತದೆ, ಸ್ಪರ್ಶ ಮಾತ್ರ ಬಂದರೆ ಬಂತು ಎಂದರು ಡಾಕ್ಟರು. ಎತ್ತಿನ ದಲಾಲನ ಮುಂದೆ ಈ ಮಾತನ್ನು ಅವರು ಸಹಜವಾಗಿ, ಕಂಪೌಂಡರನಿಗೆ ಹತ್ತಿ ತರಲು ಹೇಳುತ್ತ ಹೇಳಿದರು. ಟವೆಲ್ಲಿನ ಕೆಳಗೆ ಏನು ನಡೆಯುತ್ತದೆಂದು ಅವರಿಗೆ ಗೊತ್ತಿರಬೇಕೆಂದೇನೂ ಇಲ್ಲವಲ್ಲ.

ಮಾರನೇ ದಿನ ಮಾಸ್ತರ ಬರುವವನಿದ್ದ. ನಾನು ಮಾಮಾನಿಗೆ ಹೇಳಿದೆ: “ತಾನ ಹೊತ್ತಗೊಂಡು ಉರೀತು ಅಂತ ಹೇಳೂಣು. ಯಾರ ನೋಡ್ಯಾರ?”

“ನೀ ನೋಡೀಯಲ್ಲ” ಎಂದ. “ಎತ್ತ ಸತ್ರ ಸತ್ತಿತು ಅನಬೇಕು. ಕೊಂದ್ರ ಕೊಂದೆ ಅನಬೇಕು. ಇಲ್ಲಂದ್ರ ಮುಂದಿನ ಸಂತ್ಯಾಗ ನನ್ನ ಟವೆಲ್ಲಿನ ಕೆಳಗ ಯಾರ ಕೈ ಇಡತಾರ?”

ಮಾಸ್ತರ ಬಂದವನು ಬೂದಿಗುಡ್ಡೆ ನೋಡಿ ಹಣೆ ಮುಟ್ಟಿಕೊಂಡ. “ನನ್ನ ಕಡಿಂದ ಬರೂವಾಗ ಚಾಲೂ ಇತ್ತಲ್ರಿ!”

“ಚುಚ್ಚಿದ್ದು ನನ್ನ ತಪ್ಪ” ಎಂದ ಮಾಮಾ, ಬಟ್ಟೆ ಸುತ್ತಿದ ಕೈಯನ್ನು ಎದೆಗೆ ಒರಗಿಸಿಕೊಂಡು. “ಹೊಟ್ಟಿ ಉಬ್ಬಿದ್ದು ಯಾಕಂತ ನಿಮಗ ಗೊತ್ತಿತ್ತೋ ಇಲ್ಲೋ ಮಾಸ್ತರ? ಹೊರಗ ಹೇಳಬ್ಯಾಡ್ರಿ. ನಿಮ್ಮಷ್ಟಕ್ಕ ನೀವು ಹೇಳಕೋರಿ.”

ಮಾಸ್ತರ ಬೂದಿಯನ್ನು ಚಪ್ಪಲಿಯ ತುದಿಯಿಂದ ಕೆದಕಿದ. ಸುಟ್ಟದ್ದರ ರೊಕ್ಕ ಕೇಳದೆ, ತನ್ನ ಹತ್ತಿರ ಇನ್ನೊಂದು ಇದೆ ಎಂದ. ಇದಕ್ಕಿಂತ ಹಳೆಯದು. ಅದರ ಬ್ಯಾಟರಿಯನ್ನು ಕಿತ್ತೇ ಹಾಕಿದೆ, ಕರೆಂಟಿಗೆ ಸಿಕ್ಕಿಸಿದರೆ ಮಾತ್ರ ನಡೆಯುತ್ತದೆ, ಕರೆಂಟು ಹೋದರೆ ಬರೆದದ್ದೂ ಹೋಗುತ್ತದೆ. ಈ ಸಲ ಎಲ್ಲ ಖೋಡಿಗಳನ್ನೂ, ಎಲ್ಲ ದೋಷಗಳನ್ನೂ ಕೇಳದೆಯೇ ಹೇಳಿದ. ಇದ್ದದ್ದಕ್ಕಿಂತ ಎರಡು ಜಾಸ್ತಿಯೇ ಹೇಳಿರಬೇಕು.

ಮತ್ತೆ ಅದೇ ಪ್ರಶ್ನೆ, ಕೊಳ್ಳುವುದೋ ಬಿಡುವುದೋ. ನಮ್ಮೂರಿನ ಕರೆಂಟಿನ ಗುಣ ನನಗೆ ಗೊತ್ತು, ಹೊಸ ಅಳಿಯನ ಹಾಗೆ ಬಂದದ್ದೂ ಸುದ್ದಿ, ಹೋದದ್ದೂ ಸುದ್ದಿ. ಹೆಡ್‌ಮಾಸ್ತರರು ಎರಡು ಸಲ ಫೋನ್ ಮಾಡಿದ್ದರು. ನಾನು ಮಾತ್ರ ಚಾರ್ಜರಿನ ವೈರು ಕಂಡರೂ ದೂರ ಸರಿಯುತ್ತಿದ್ದೆ. ಬೇಡ, ಟೈಪಿಂಗೂ ಬೇಡ ಎಂದುಕೊಂಡೆ. ಮೂರು ವಾರ ಹಾಗೇ ಹೋಯಿತು.

ಕೈಗೆ ಸುತ್ತಿದ ಬಟ್ಟೆ ಬಿಚ್ಚಿದ ಮೇಲೆ ಮಾಮಾ ತಾನೇ ಬಂದ. ಮೀಸೆಯ ಉಳಿದರ್ಧವನ್ನೂ ಬೋಳಿಸಿದ್ದರಿಂದ ಯಾರೋ ಅಪರಿಚಿತ ಪೂಜಾರಿಯಂತೆ ಕಾಣುತ್ತಿದ್ದ.

“ನಡಿ, ಅದನ್ನ ವ್ಯಾಪಾರ ಮಾಡಿ ಬರೂಣು. ಹೊಟ್ಟೀನ ಇಲ್ಲದ್ದು ಏನ ಉಬ್ಬತೈತಿ?”

“ನನಗ ಬ್ಯಾಡ ಮಾಮಾ.”

“ನಿನಗ ಬ್ಯಾಡಾದ್ರ ನನಗ ಬೇಕು. ನನ್ನ ಮೂರ ಬೆರಳ ಕೊಟ್ಟು ಬರಗೈಲೆ ಮನಿಗಿ ಹೋಗಲೇನ?” ಕಟ್ಟೆಯ ಮೇಲೆ ಕೂತು ಹೆಗಲ ಟವೆಲ್ ತೆಗೆದು ಬಲಗೈಯ ಮೇಲೆ ಹೊದಿಸಿದ. ದನಿ ಸ್ವಲ್ಪ ಇಳಿಯಿತು. “ಸಂತಿಗಿ ಹೋಗೂಕಿಂತ ಮೊದಲ ಒಮ್ಮಿ ನೋಡಬೇಕಾಗೇತಿ. ನಿಮ್ಮವ್ವ ನೋಡಿದ್ರ ಅಳತಾಳ. ನೀ ಬೆರಳ ಹಿಡಿ, ಎಷ್ಟ ಅಂತ ನಾ ಹೇಳತೇನಿ.”

ನಾನು ಟವೆಲ್ಲಿನ ಕೆಳಗೆ ಕೈ ಇಟ್ಟೆ. ಆ ಕೈ ಹೀಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಮೂರು ತುದಿಗಳು ಹುಣಸೆಬೀಜದಂತೆ ನುಣ್ಣಗಾಗಿದ್ದವು. ಅವನ ಬೆರಳುಗಳನ್ನು ಹಿಡಿದೆ. ಅವನು ಸಂತೆಯ ಮುಖ ಮಾಡಿ ದೂರ ನೋಡುತ್ತ ಕೂತ.

“ಮೂರು” ಎಂದ.

ನಾನು ಹಿಡಿದದ್ದು ನಾಲ್ಕು.

“ಬರೋಬ್ಬರಿ ಮಾಮಾ” ಎಂದೆ.

ಅವನು ನನ್ನ ಮುಖ ನೋಡಿದ. ನಲವತ್ತು ವರ್ಷ ಮಾರುವವರ ಮುಖ ಓದಿದವನು.

“ಹುಚ್ಚಿ” ಎಂದ. “ಸುಳ್ಳ ಹೇಳೂದರ ಚಲೋತ್ನಾಗಿ ಕಲಸಬಾರದ ಆ ಕಾಲೇಜದವರು?” ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ. ಈ ಸಲ ಎಡ ಹೆಗಲು ಬಿಟ್ಟು ಬಲ ಹೆಗಲಿಗೆ. “ಎಡಗೈ ಕಲಸಬೇಕು ಇನ್ನ. ನಡಿ, ಮಾಸ್ತರಂದ ಬೋಣಿ ಮಾಡೂಣು.”

ಅವನ ಎಡಗೈ ಮಾಡಿದ ಮೊದಲ ವ್ಯಾಪಾರ ನನ್ನ ಈ ಲ್ಯಾಪ್‌ಟಾಪ್. ಇದನ್ನು ಬರೆಯುವಷ್ಟರಲ್ಲಿ ಎರಡು ಸಲ ಕರೆಂಟು ಹೋಯಿತು, ಎರಡು ಸಲ ಮೊದಲಿನಿಂದ ಬರೆದೆ. ಹೊಟ್ಟೆಯೇ ಇಲ್ಲದ ಇದನ್ನು ಗಳಿಗೆಗೊಮ್ಮೆ ಬೋರಲು ಹಾಕಿ ಕೈಯಾಡಿಸಿ ನೋಡುವುದನ್ನು ಮಾತ್ರ ಬಿಡಲಾಗಿಲ್ಲ.